ಬಟ್ಟಲು ಬಳ್ಳಿಯ ವಾಸನೆ

ಕಳೆದ ವಾರ ಪ್ರಾಕ್ಟಿಕಲ್ ತರಗತಿಯಲ್ಲಿ ಬದನೆ ಕುಟುಂಬದ ಪಾಠ ನಡೆಯುತ್ತಿತ್ತು. ತರೀಕೆರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವುದು ನನ್ನ ಉದ್ಯೋಗ. ಬೀರುವಿನಿಂದ, ಒಣಗಿಸಿದ ಗಿಡಗಳನ್ನು ಅಂಟಿಸಿಡುವ ಹರ್ಬೇರಿಯಂ ಹಾಳೆಗಳ ಕಟ್ಟು ತೆಗೆದು ಮೇಜಿನ ಮೇಲೆ ಹರಡಿದ್ದೆ. ಅದರಲ್ಲೊಂದು ಹಾಳೆಗೆ ಕೆಲವು ವರ್ಷಗಳ ಹಿಂದೆ ನಾನೇ ಅಂಟಿಸಿದ ಹೂವೊಂದಿದೆ. ಅಂಟಿಸುವಾಗ ಚಿನ್ನದ ಬಟ್ಟಲಿನಂತಿದ್ದದ್ದು ಈಗ ಹಳೆಯ ಪಂಚಾಂಗದ ರಟ್ಟಿನ ಬಣ್ಣಕ್ಕೆ ತಿರುಗಿ ಚಪ್ಪಟೆಯಾಗಿ ಮಲಗಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅದರ ಮೇಲೆ ಬಗ್ಗಿ ಮೂಸಿ, ಇದಕ್ಕೆ ವಾಸನೆ ಇರುತ್ತಾ ಮಿಸ್ ಎಂದಳು. ಇರುತ್ತೆ, ಸಂಜೆ ಹೊತ್ತು ಎಂದೆ. ಯಾವ ಥರ ವಾಸನೆ ಎಂದು ಬಿಡದೆ ಕೇಳಿದಳು. ತೆಂಗಿನಕಾಯಿ ವಾಸನೆ ಎಂದು ಪುಸ್ತಕದಲ್ಲಿ ಇರುವುದನ್ನು ಹೇಳಿ ಮುಗಿಸಬಹುದಿತ್ತು. ಆದರೆ ಆ ವಾಸನೆಯ ಜೊತೆಗೆ ಅಜ್ಜಂಪುರದ ನನ್ನ ಗಿರಿಜತ್ತೆಯೂ ಮಾವನೂ ಬಂದು ಮೇಜಿನ ಆಚೆ ನಿಂತುಬಿಟ್ಟರು. ಮೊದಲು ಕೇಸರ ಎಷ್ಟಿದೆ ನೋಡು ಎಂದು ಹುಡುಗಿಯನ್ನು ಗದರಿ ಪಾರಾದೆ.

ಈ ಬಳ್ಳಿಗೆ ಕನ್ನಡದಲ್ಲಿ ನೆಟ್ಟಗೊಂದು ಹೆಸರಿಲ್ಲ. ತರಗತಿಯಲ್ಲಿ ಸೊಲಾಂಡ್ರಾ ಎನ್ನುತ್ತೇವೆ. ಅತ್ತೆಯ ಮನೆಯಲ್ಲಿ ಅದು ಬಟ್ಟಲು ಬಳ್ಳಿ. ಬದನೆ ಕುಟುಂಬದ ವಿಚಾರ ನಿಮಗೆ ಗೊತ್ತಿರಬಹುದು. ಬದನೆ, ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಒಂದು ಕಡೆ. ಹೊಗೆಸೊಪ್ಪು, ಉಮ್ಮತ್ತಿ ಇನ್ನೊಂದು ಕಡೆ. ಅರ್ಧ ಮನೆ ಊಟ ಹಾಕುತ್ತದೆ, ಅರ್ಧ ಮನೆ ವಿಷ ಹಾಕುತ್ತದೆ. ನಮ್ಮ ದಾಯಾದಿಗಳ ಪೈಕಿಯೂ ಹೀಗೇ ಅಲ್ಲವೇ ಎಂದು ಮಾವ ಒಮ್ಮೆ ನಕ್ಕಿದ್ದರು. ಬಟ್ಟಲು ಬಳ್ಳಿ ವಿಷದ ಕಡೆಯದು, ಬಾಯಿಗೆ ಹಾಕುವಂಥದ್ದಲ್ಲ. ಆದರೆ ಏನು ಮೈಕಟ್ಟು ಅಂತೀರಿ! ಎಲೆ ದಪ್ಪ, ಎಣ್ಣೆ ಸವರಿದ ಹಾಗೆ ಮಿರುಗುತ್ತದೆ. ಕಾಂಡ ಮರದಷ್ಟು ಗಟ್ಟಿಯಾಗಿ, ಗೋಡೆ ಮುಟ್ಟಿದಲ್ಲೆಲ್ಲ ಗೆಣ್ಣಿನಿಂದ ಬೇರು ಬಿಟ್ಟು ಹಿಡಿದುಕೊಳ್ಳುತ್ತದೆ. ಮೊಗ್ಗು ಉಬ್ಬಿ ಉಬ್ಬಿ ಒಂದು ಸಂಜೆ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದಾಗ ಬಣ್ಣ ಕೆನೆಯದು. ಬೆಳಗಾಗುವಾಗ ಹಳದಿ, ಆಮೇಲೆ ಚಿನ್ನ, ಉದುರುವ ಹೊತ್ತಿಗೆ ಬೆಲ್ಲ. ಐದು ದಳ ಕೂಡಿ ಒಂದೇ ಬಟ್ಟಲಾಗಿರುತ್ತದೆ, ಅಂಚು ಹಿಂದಕ್ಕೆ ಮಡಚಿರುತ್ತದೆ, ಒಳಗೆ ಗಂಟಲಿನವರೆಗೆ ಐದು ನೇರಳೆ ಗೆರೆ ಇಳಿದಿರುತ್ತವೆ. ನೋಡಿ, ವಾಸನೆ ಕೇಳಿದರೆ ಬಣ್ಣ ಹೇಳುತ್ತಿದ್ದೇನೆ. ಮೇಷ್ಟ್ರುಗಳ ಚಾಳಿ ಇದು.

ಲಕ್ಕವಳ್ಳಿಯ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿದ್ದ ಗೆಳತಿಯ ಮನೆ ಮುಂದೆ ಈ ಬಳ್ಳಿ ಹಬ್ಬಿತ್ತು. ಹೂವಿನ ಗಾತ್ರ ಕಂಡು ಆಸೆಯಾಗಿ ಒಂದು ಕಡ್ಡಿ ಮುರಿದುಕೊಂಡು, ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ನನ್ನ ಬಾಡಿಗೆ ಮನೆಯಲ್ಲಿ ಅಂಗೈಯಗಲ ಮಣ್ಣಿರಲಿಲ್ಲ, ಹಾಗಾಗಿ ಕಡ್ಡಿ ಅಜ್ಜಂಪುರಕ್ಕೆ ಹೋಯಿತು. ಗಿರಿಜತ್ತೆ ನಮ್ಮಪ್ಪನ ತಂಗಿ. ಮನೆಯ ಹಿಂದೆ ಕೊಬ್ಬರಿ ಅಟ್ಟದ ಗೋಡೆಯ ಬುಡದಲ್ಲಿ ಅದನ್ನು ನೆಟ್ಟಳು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಬೇಸಿಗೆಯಲ್ಲಿ ತನ್ನ ಸ್ನಾನದ ನೀರಲ್ಲೂ ಒಂದು ಪಾಲು ಅದಕ್ಕೆ ಹೋಗುತ್ತಿತ್ತು. ಬಳ್ಳಿ ಅಟ್ಟದ ಕಿಟಕಿ ದಾಟಿ ತಾರಸಿಗೆ ಏರಿತು. ಹೂ ಮಾತ್ರ ಒಂದೂ ಬಿಡಲಿಲ್ಲ. ನೀನು ತಂದದ್ದು ಗಂಡು ಬಳ್ಳಿ ಇರ್ಬೇಕು ಕಣೇ ಎಂದು ನಾನು ಹೋದಾಗಲೆಲ್ಲ ಅತ್ತೆ ಆಡಿಕೊಳ್ಳುವಳು. ಈ ಜಾತಿಯಲ್ಲಿ ಗಂಡು ಹೆಣ್ಣು ಬೇರೆ ಇರುವುದಿಲ್ಲ ಎಂದು ನಾನು ಗಂಭೀರವಾಗಿ ವಿವರಿಸಿ, ಇನ್ನಷ್ಟು ಗೊಬ್ಬರ ಹಾಕಲು ಹೇಳಿ ಬರುತ್ತಿದ್ದೆ.

ಅತ್ತೆಯ ಮೂಗಿನ ವಿಚಾರ ಹೇಳದೆ ಮುಂದಿನದು ತಿಳಿಯುವುದಿಲ್ಲ. ತೋಟದ ತೆಂಗಿನಕಾಯನ್ನು ಆ ಮನೆಯವರು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಗಡಗಡ ಎನ್ನುವವರೆಗೆ ತಿಂಗಳುಗಟ್ಟಲೆ ಬಿಡುತ್ತಾರೆ. ಅಷ್ಟು ದಿನವೂ ಅಟ್ಟದಿಂದ ಕಾಯಿಯ ವಾಸನೆ ಬರಕೂಡದು. ಬಂತೆಂದರೆ ಎಲ್ಲೋ ಒಂದು ಬಿರಿದಿದೆ ಎಂದರ್ಥ. ಬಿರಿದದ್ದು ಕೊಳೆಯುತ್ತದೆ, ಕೊಳೆತದ್ದು ಪಕ್ಕದ್ದನ್ನೂ ಕೆಡಿಸುತ್ತದೆ. ಅತ್ತೆ ನಡುಮನೆಯಲ್ಲಿ ಹೂ ಕಟ್ಟುತ್ತ ಕೂತಿದ್ದವಳು ತಟ್ಟನೆ ತಲೆ ಎತ್ತಿ, ಪಡುವಲ ಮೂಲೇಲಿ ಒಂದು ಹೋಗಿದೆ ನೋಡ್ರಿ ಎನ್ನುವಳು. ಮಾವ ಏಣಿ ಹತ್ತಿ ಆ ಮೂಲೆ ಕೆದಕಿದರೆ ಅಲ್ಲಿ ಒಂದು ಹೋಗಿರುತ್ತಿತ್ತು. ತುಪ್ಪ ಕಾದದ್ದು, ಸಾರಿನ ಪುಡಿ ಹುರಿದದ್ದು ಸಾಕೋ ಎಂದು ಅಕ್ಕಪಕ್ಕದವರೂ ಬಂದು ಕೇಳುವರು. ಮಗನಿಗೆ ಮದುವೆಯಾಗಿ ಅಡಿಗೆಮನೆ ಸೊಸೆ ಸವಿತಾಳ ಕೈಗೆ ಹೋಗಿತ್ತು. ವ್ಯವಹಾರ ಮಗ ನೋಡಿಕೊಳ್ಳುತ್ತಿದ್ದ. ಅತ್ತೆಗೆ ಮನೆಯಲ್ಲಿ ಉಳಿದಿದ್ದ ಅಧಿಕಾರ ಎಂದರೆ ಆ ಮೂಗು. ಅದರ ಬಗ್ಗೆ ಅವಳಿಗೆ ಸಣ್ಣ ಜಂಬವೂ ಇತ್ತು, ಇರಬೇಕಾದ್ದೇ.

ಕೊರೊನಾದ ಬೇಸಿಗೆಯಲ್ಲಿ ಆ ಮನೆಯವರೆಲ್ಲ ಒಟ್ಟಿಗೆ ಮಲಗಿದರು. ಎಲ್ಲರಿಗೂ ಜ್ವರ, ಎಲ್ಲರ ಮೂಗೂ ಬಂದ್. ಯಾರೂ ಯಾರಿಗೂ ನೀರು ಕೊಡಲಾಗದ ಸ್ಥಿತಿ. ಬಳ್ಳಿಗೆ ಯಾರು ಹಾಕುತ್ತಾರೆ? ಎದ್ದ ಮೇಲೆ ಒಬ್ಬೊಬ್ಬರದೂ ವಾಸನೆ ತಿರುಗಿ ಬಂತು. ಸವಿತಾಳಿಗೆ ಕಾಫಿ ಪುಡಿ ಡಬ್ಬ ತೆರೆದಾಗ ಬಂತು, ಮಾವನಿಗೆ ಕೊಟ್ಟಿಗೆಯಲ್ಲಿ ಬಂತು. ನಿಮಗೆ ಬಂತಾ ಅತ್ತೆ ಎಂದು ಸವಿತಾ ಕೇಳಿದರೆ, ಬಂತು ಬಂತು, ಎಲ್ಲರಿಗಿಂತ ಮೊದಲೇ ಬಂತು ಎಂದಳಂತೆ.

ಬಸ್ಸು ಓಡಾಡತೊಡಗಿದ ಮೇಲೆ ನಾನು ನೋಡಲು ಹೋದೆ. ನಾನು ಹೋದ ಸಂಜೆ ಮನೆಯೆಲ್ಲ ಹಸಿ ಕಾಯಿ ತುರಿದ ವಾಸನೆ. ಮಾವ ಆಗಲೇ ಏಣಿ ಹಾಕಿದ್ದರು. ಯಾವ ಮೂಲೆ ಎಂದು ಕೆಳಗೆ ನಿಂತ ಹೆಂಡತಿಯನ್ನು ಕೇಳಿದರು. ಅತ್ತೆ ಕತ್ತು ಎತ್ತಿ, ಕಣ್ಣು ಮುಚ್ಚಿ, ಬಾಗಿಲ ಮೇಲಿನ ಮೂಲೆ ತೋರಿಸಿದಳು. ಮಾವ ಆ ಮೂಲೆಯ ಕಾಯನ್ನೆಲ್ಲ ಇಳಿಸಿದರು. ನಾವೆಲ್ಲ ಒಂದೊಂದನ್ನೇ ಅಲ್ಲಾಡಿಸಿ, ಮೂಸಿ ನೋಡಿದೆವು. ಡಿಗ್ರಿ ಮಕ್ಕಳಿಗೆ ಪಾಠ ಹೇಳುವ ನಾನೂ ಸೆರಗು ಸಿಕ್ಕಿಸಿಕೊಂಡು, ಕಿಟಕಿಯಾಚೆ ಏನಾಗಿದೆ ಎಂದು ತಲೆ ಹಾಕದೆ ಕಾಯಿ ಮೂಸುತ್ತ ಕೂತಿದ್ದೆ. ಒಂದೂ ಕೆಟ್ಟಿರಲಿಲ್ಲ. ಮಾರನೆಯ ಸಂಜೆ ಮತ್ತೆ ಅದೇ ವಾಸನೆ, ಇನ್ನೂ ಜೋರಾಗಿ. ಅತ್ತೆ ಈ ಸಲ ಮೂಡಲ ಮೂಲೆ ತೋರಿಸಿದಳು. ಮಾವ ಮತ್ತೆ ಹತ್ತಿದರು. ಜ್ವರದಿಂದ ಎದ್ದ ಮನುಷ್ಯ, ಎರಡು ಮೆಟ್ಟಿಲಿಗೊಮ್ಮೆ ನಿಂತು ಹತ್ತುತ್ತಿದ್ದರು. ಅವರು ಕಾಯಿ ಇಳಿಸುವಾಗ ಅತ್ತೆಯ ಮುಖ ನೋಡಿದೆ. ಹೆದರಿಕೆ ಅಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅಟ್ಟ ಕೆಡುವುದರ ಹೆದರಿಕೆ ಎಂದುಕೊಂಡೆ.

ಅಷ್ಟರಲ್ಲಿ ತಾರಸಿಯಲ್ಲಿ ಬಟ್ಟೆ ತೆಗೆಯಲು ಹೋಗಿದ್ದ ಸವಿತಾ ಕೆಳಗಿಳಿದು ಬಂದಳು. ಅವಳ ಕೈಯಲ್ಲೊಂದು ಹೂ, ಸಣ್ಣ ಲೋಟದಷ್ಟು ದೊಡ್ಡದು. ಅಟ್ಟದ ಕಿಟಕಿಯ ನೆತ್ತಿಯ ಮೇಲೆ ಬಳ್ಳಿ ಹೂ ಬಿಟ್ಟಿತ್ತು, ವಾಸನೆ ಅಲ್ಲಿಂದ ಒಳಗೆ ಇಳಿಯುತ್ತಿತ್ತು. ನೀರು ಕಂಡರೆ ಅದು ಬರೀ ಎಲೆ ಬಿಡುತ್ತದಂತೆ. ಚೆನ್ನಾಗಿ ಬಾಯಾರಿದರೆ ಮಾತ್ರ ಹೂ. ಇದನ್ನು ನಾನು ಆಮೇಲೆ ಓದಿದೆ. ಎಲ್ಲರಿಗೂ ನಗು. ಕಾಯಿಯೊಳಗೇ ಹುಟ್ಟಿ ಬೆಳೆದವರು ಹೂವಿನ ವಾಸನೆಗೆ ಅಟ್ಟ ಇಳಿಸಿದ್ದರು. ಸವಿತಾ ಹೂವನ್ನು ಅತ್ತೆಯ ಮುಖದ ಹತ್ತಿರ ಹಿಡಿದಳು. ಅತ್ತೆ ಮೂಗನ್ನು ಬಟ್ಟಲೊಳಗೆ ಇಟ್ಟು ಉಸಿರೆಳೆದಳು. ಇನ್ನೊಮ್ಮೆ ಎಳೆದಳು.

ಬಣ್ಣ ಬಹಳ ಚೆನ್ನಾಗಿದೆ ಎಂದಳು. ಆಮೇಲೆ ಹೂವನ್ನು ಮಡಿಲಲ್ಲಿಟ್ಟುಕೊಂಡು ಏಣಿಯ ಪಕ್ಕ ಕೂತುಬಿಟ್ಟಳು.

"ನಂಗೆ ಏನೂ ಗೊತ್ತಾಗಲ್ಲ ಕಣ್ರೇ. ಜ್ವರದಾಗೆ ಹೋಗಿದ್ದು ಬರ್ಲೇ ಇಲ್ಲ."

ಅತ್ತೆ ಏಣಿಯ ಮೇಲಿದ್ದ ಗಂಡನ ಕಡೆ ತಿರುಗಿ, ಸುಮ್ ಸುಮ್ನೆ ಹತ್ತಿಸ್ದೆ ನಿಮ್ಮನ್ನ ಎಂದಳು. ಅವರು ಇನ್ನೊಂದು ಕಾಯಿ ಕೆಳಗಿಟ್ಟು, ನಂಗೆ ಗೊತ್ತಿತ್ತು ಎಂದರು. ಜ್ವರ ಬಿಟ್ಟ ಮೇಲೆ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಒಂದು ಬೆಳಗ್ಗೆ ಅತ್ತೆ ಒಲೆಯ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದಾಗ ಹಾಲು ಸೀದು ಮನೆಯೆಲ್ಲ ಅಡರಿತ್ತಂತೆ. ಅವಳು ತಲೆಯನ್ನೇ ಎತ್ತಿರಲಿಲ್ಲ. ಮಾವನೇ ಹೋಗಿ ಒಲೆ ಆರಿಸಿ, ಪಾತ್ರೆ ಹಿತ್ತಲಿಗೆ ಹಾಕಿ ಬಂದು, ಯಾರಿಗೂ ಹೇಳದೆ ಇದ್ದರು.

"ಗೊತ್ತಿದ್ದೂ ಯಾಕ್ರೀ ಇಳಿಸಿದ್ರಿ ಅಷ್ಟೊಂದ?"

"ನೀನು ತೋರ್ಸಿದ್ಮೇಲೆ ಇಳಿಸ್ದೆ ಇರಕ್ಕಾಗುತ್ತಾ?"

ಮಾವನ ಬಾಯಲ್ಲಿ ನಾನು ಕೇಳಿದ ಪ್ರೀತಿಯ ಮಾತು ಅದೊಂದೇ. ಹೇಳಿದವರೇ ನಾಚಿ, ಇಳಿಸಿದ್ದನ್ನೆಲ್ಲ ಮತ್ತೆ ಮೇಲೆ ಹಾಕೋರು ಯಾರು ಎಂದು ಜೋರು ಮಾಡಿದರು. ನನಗೆ ಅಳು ಬಂದಿತ್ತು, ಕಾಯಿ ಎತ್ತಿಕೊಡುವ ನೆಪದಲ್ಲಿ ಬಗ್ಗಿಕೊಂಡೆ.

ಬೀರೂರಿನ ಡಾಕ್ಟರಿಗೆ ತೋರಿಸಿದ್ದಾಯಿತು. ಹೋದ ವಾಸನೆ ಬಂದರೆ ಬರಬಹುದು, ಬರದೆಯೂ ಇರಬಹುದು ಎಂದರು. ಅಂಥ ಮಾತಿಗೆ ಫೀಸು ಯಾಕೆ ಎಂದು ಮಾವ ದಾರಿಯುದ್ದಕ್ಕೂ ಗೊಣಗಿದರಂತೆ. ಆದರೆ ಅಲ್ಲಿಂದ ಮುಂದೆ ಅವರೊಂದು ಅಭ್ಯಾಸ ಹಿಡಿದರು. ಬಳ್ಳಿ ಹೂ ಬಿಟ್ಟಾಗ ಸಂಜೆ ಅತ್ತೆಯನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿಕೊಂಡು, ತಾವು ಮೂಸಿ, ಅವಳಿಗೆ ಹೇಳುವುದು. ಮಳೆ ಬೆಳೆ ಬಿಟ್ಟರೆ ಮಾತೇ ಗೊತ್ತಿಲ್ಲದ ಮನುಷ್ಯ! ಇವತ್ತು ಎಳನೀರು ಎನ್ನುವರು. ಇವತ್ತು ಕೊಬ್ಬರಿ ಮಿಠಾಯಿ, ತಳ ಒಂಚೂರು ಹಿಡಿದಿದೆ ಎನ್ನುವರು. ಇನ್ನೊಂದು ದಿನ ಗಣಪತಿ ಹಬ್ಬದ ಕಡುಬು. ಮತ್ತೊಂದು ದಿನ ನಿಮ್ಮಮ್ಮ ನಮ್ಮ ಮದುವೇಲಿ ಮಾಡ್ಸಿದ್ದ ಕಾಯಿಹಾಲು. ಅತ್ತೆ, ಅಮ್ಮನ ಕಾಯಿಹಾಲಿಗೆ ಗಸಗಸೆ ಬೀಳ್ತಿತ್ತು, ಅದು ಗೊತ್ತಾಗ್ತಿದ್ಯಾ ಎಂದು ಪರೀಕ್ಷೆ ಮಾಡುವಳು. ತಡಿ ಎಂದು ಮಾವ ಇನ್ನೊಮ್ಮೆ ಮೂಸಿ, ಹೂಂ ಗಸಗಸೆ ಐತೆ ಎನ್ನುವರು. ಈ ಹೂವಿನ ವಾಸನೆ ದಿನಕ್ಕೊಂದು ಥರ ಆಗುವುದಿಲ್ಲ, ಹಳತಾದ ಹಾಗೆ ಕಡಿಮೆಯಾಗುತ್ತದೆ ಅಷ್ಟೆ. ಒಂದು ಸಲ ಅದನ್ನು ಹೇಳಲು ಬಾಯಿ ತೆರೆದವಳು, ಅವರಿಬ್ಬರನ್ನು ನೋಡಿ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದೆ.

ಮಾವ ಹೋದ ವರ್ಷ ತೀರಿಕೊಂಡರು. ತೋಟದಿಂದ ಬಂದು, ಎದೆ ಹಿಡ್ಕಂಡಂಗಾಗ್ತಿದೆ ಎಂದು ಜಗಲಿಯಲ್ಲಿ ಕೂತವರು ಏಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಅಜ್ಜಂಪುರಕ್ಕೆ ಹೋಗುವುದು ಕಡಿಮೆಯಾಯಿತು. ಆ ಹಿತ್ತಲ ಕಲ್ಲನ್ನು ಖಾಲಿ ನೋಡುವುದು ನನಗೆ ಕಷ್ಟವಾಗುತ್ತಿತ್ತು, ನಿಜ ಹೇಳಬೇಕೆಂದರೆ.

ಆದರೆ ತರಗತಿಯ ಆ ಪ್ರಶ್ನೆ ಕುಟುಕುತ್ತಲೇ ಇತ್ತು. ಭಾನುವಾರ ಬಸ್ಸು ಹತ್ತಿದೆ. ಬಳ್ಳಿ ಮೈತುಂಬ ಹೂ ಬಿಟ್ಟಿತ್ತು. ಅತ್ತೆ ಈಗ ಅದಕ್ಕೆ ನೀರು ಹಾಕದೆ ಬಿಡುವುದನ್ನು ಕಲಿತಿದ್ದಾಳೆ. ಸಂಜೆ ಇಬ್ಬರೂ ಹಿತ್ತಲಲ್ಲಿ ಕೂತೆವು. ಹುಡುಗಿಯ ಪ್ರಶ್ನೆಯನ್ನೂ ನಾನು ತಪ್ಪಿಸಿಕೊಂಡದ್ದನ್ನೂ ಹೇಳಿ ನಗಿಸಲು ನೋಡಿದೆ. ಅತ್ತೆ ನಗಲಿಲ್ಲ. ಸವಿತಾ ಒಳಗಿದ್ದಾಳೆಯೇ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದಳು.

"ನಂಗೆ ಈಗ ಬತ್ತದೆ ಕಣೇ ವಾಸ್ನೆ. ಕಾರ್ತಿಕದಲ್ಲಿ ಒಂದಿನ ದೀಪ ನಂದಿದಾಗ ಬತ್ತಿ ಕಮಟು ಬಂತು. ಆಮೇಲೆ ಒಂದೊಂದೇ ಬಂತು."

ಕೈ ಹಿಡಿದುಕೊಂಡು, ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. ಬಂದ ದಿನ ಹೇಳಲು ಒಳಗೆ ಓಡಿದಳಂತೆ. ನಡುಮನೆಯವರೆಗೆ ಹೋದ ಮೇಲೆ, ಹೇಳಬೇಕಾದವರು ಇಲ್ಲ ಎನ್ನುವುದು ನೆನಪಾಯಿತಂತೆ. ಅಲ್ಲಿಂದೀಚೆಗೆ ಬೇರೆ ಯಾರಿಗೆ ಹೇಳಲೂ ಮನಸ್ಸಾಗಿರಲಿಲ್ಲ.

ಹೂವಿನದೂ ಗೊತ್ತಾಗುತ್ತಾ ಎಂದು ಕೇಳಿದೆ.

"ಗೊತ್ತಾಗ್ದೆ ಏನು? ಬರೀ ಕಾಯಿ ವಾಸ್ನೆ. ದಿನಾ ಅದೇ. ಕಡುಬೂ ಇಲ್ಲ, ಗಸಗಸೆನೂ ಇಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಎಷ್ಟು ಕಷ್ಟಪಟ್ಟು ಹುಡುಕ್ತಿದ್ರೋ ಪಾಪ, ದಿನಕ್ಕೊಂದ."

ಕತ್ತಲಿಗೆ ಮುಂಚಿನ ಹೊತ್ತು. ಮೇಲೆ ಎಲೆಗಳ ನಡುವೆ ಹೊಸದೊಂದು ಮೊಗ್ಗು ಬಿಚ್ಚಿಕೊಳ್ಳುತ್ತಿತ್ತು. ವಾಸನೆ ಮೆಲ್ಲಗೆ ಇಳಿದು ಬಂತು. ಅತ್ತೆಗೂ ಬಂದಿರಬೇಕು, ಅವಳ ಮೂಗಿನ ಹೊಳ್ಳೆ ಅರಳಿತು. ಆದರೂ ನನ್ನ ಕಡೆ ನೋಡದೆ ಕೇಳಿದಳು: "ಇವತ್ತು ಏನು ವಾಸ್ನೆ, ನೀನ್ ಹೇಳು."

ನಾನು ಎದ್ದು ನಿಂತು ಮೂಸಿದೆ. ಹಸಿ ಕಾಯಿ. ಅದಲ್ಲದೆ ಮತ್ತೇನೂ ಇರಲಿಲ್ಲ.

"ಕಾಯೊಬ್ಬಟ್ಟು ಅತ್ತೆ" ಎಂದೆ. "ಹೂರಣಕ್ಕೆ ಏಲಕ್ಕಿ ಸ್ವಲ್ಪ ಜಾಸ್ತಿ ಬಿದ್ದಿದೆ."

ಅತ್ತೆ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡಳು.

"ಹೂಂ ಕಣೇ," ಎಂದಳು, "ಜಾಸ್ತೀನೇ ಬಿದ್ದಿದೆ."