ದೊಡ್ಡಪ್ಪ ಮಲಗಿರುವ ಕೋಣೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಾಥಮಿಕ ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಕಟ್ಟಕಡೆಯ ಕೋಣೆಯೊಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸ್ವೆಟರಿನ ತೋಳು ಮಡಚಿಕೊಂಡು ಹಳೆಯ ಪಿಯಾನೊದ ಮುಂದೆ ನಿಂತಿದ್ದಾರೆ. ಎಡಗೈಯ ಬೆರಳುಗಳನ್ನು ಮುಚ್ಚಳದ ಅಂಚು ಬಂದು ಕೂರುವ ಜಾಗದಲ್ಲಿ ಸಾಲಾಗಿ ಇಡುತ್ತಾರೆ. ಬಲಗೈಯಿಂದ ಆ ಭಾರದ ಮರದ ಮುಚ್ಚಳವನ್ನು ಪೂರ್ತಿ ಎತ್ತುತ್ತಾರೆ. ಎತ್ತಿ, ಕೈ ಬಿಟ್ಟುಬಿಡುತ್ತಾರೆ.

ಧಪ್ ಎಂದು ಬೀಳುತ್ತದೆ ಮುಚ್ಚಳ. ನೋಡುತ್ತಿದ್ದವರ ಜೀವ ಬಾಯಿಗೆ ಬಂದಿರುತ್ತದೆ, ಅವರು ಮಾತ್ರ ರೆಪ್ಪೆ ಕೂಡ ಬಡಿಯುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಮುಚ್ಚಳದ ಎರಡು ತುದಿಗೂ ದಪ್ಪ ರಬ್ಬರಿನ ತುಂಡುಗಳನ್ನು ಅಂಟಿಸಿದ್ದಾರೆ. ಮುಚ್ಚಳ ಬೆರಳಿನ ಮೇಲೆ ಒಂದಿಷ್ಟು ಜಾಗ ಬಿಟ್ಟು ನಿಂತಿದೆ.

"ದಿನಾ ಹೀಗೇ ನೋಡ್ತೀನಿ," ಎನ್ನುತ್ತಾರೆ ಅವರು, ಗೊಗ್ಗರು ದನಿಯಲ್ಲಿ. "ರಬ್ಬರ್ ಸವೆದಿರ್ಬೋದು, ಅಂಟು ಬಿಟ್ಟಿರ್ಬೋದು. ಮೊದಲು ನನ್ನ ಬೆರಳು, ಆಮೇಲೆ ಮಕ್ಕಳದ್ದು."

ಇದೆಂಥ ಹುಚ್ಚು ಎಂದು ಯಾರಿಗಾದರೂ ಅನಿಸಬೇಕು. ಆದರೆ ಈ ಕೋಣೆಯಲ್ಲಿ ಎರಡು ತಿಂಗಳ ಹಿಂದೆ ನಡೆದದ್ದನ್ನು ಕೇಳಿದ ಮೇಲೆ ಅವರನ್ನು ಹುಚ್ಚಿ ಎನ್ನಲು ಬಾಯಿ ಬರುವುದಿಲ್ಲ.

ಶಾಲೆಯ ಮಕ್ಕಳಿಗೆ ಇವರು ಪಿಸುಮಾತಿನ ಮಿಸ್. ಸಂಗೀತ ಹೇಳಿಕೊಡುತ್ತಾರೆ. ಒಂದನೇ ತರಗತಿಯಿಂದ ಐದನೆಯದರವರೆಗೆ ಎಲ್ಲ ಮಕ್ಕಳೂ ವಾರಕ್ಕೆರಡು ಸಲ ಇವರ ಕೈಗೆ ಬರುತ್ತಾರೆ. ಒಂದು ಕೋಣೆ, ನಲವತ್ತು ಮಕ್ಕಳು, ಪ್ರತಿಯೊಬ್ಬರ ಕೈಯಲ್ಲೂ ಬಡಿಯಲು, ಊದಲು, ಕುಲುಕಲು ಏನಾದರೊಂದು. ಲೆಕ್ಕದ ಮೇಷ್ಟ್ರು ಒಂದು ದಿನ ಇವರ ಬದಲಿಗೆ ಹೋಗಿ, ಅರ್ಧ ತಾಸಿನಲ್ಲಿ ತಲೆ ಹಿಡಿದುಕೊಂಡು ಹೊರಬಂದವರು ಮತ್ತೆ ಆ ಕಡೆ ತಲೆ ಹಾಕಿಲ್ಲ.

ಮೊದಲ ಹತ್ತು ವರ್ಷ ಇವರೂ ಎಲ್ಲರಂತೆ ಕಿರುಚಿದವರೇ. ಸಮಾರಂಭಗಳಲ್ಲಿ ಹಾಡುತ್ತಿದ್ದ ಗಂಟಲು ಅದು. "ಸುಮ್ನಿರಿ, ಸುಮ್ನಿರಿ" ಎಂದು ಕೂಗಿ ಕೂಗಿ ಗಂಟಲೊಳಗೆ ಗಂಟಾಯಿತು. ಹೀಗೇ ಕೂಗಿದರೆ ಮಾತೂ ಉಳಿಯುವುದಿಲ್ಲ ಎಂದರು ಡಾಕ್ಟರು. ಹಾಡು ಅಷ್ಟರಲ್ಲಾಗಲೇ ಹೋಗಿತ್ತು.

"ಆಗ ಯೋಚನೆ ಮಾಡ್ದೆ," ಎನ್ನುತ್ತಾರೆ ಮಿಸ್. "ಕೂಗೋಕಾಗಲ್ಲ, ಹೊಡೆಯೋಕೆ ಮನಸಿಲ್ಲ. ಉಳಿದದ್ದು ಆಟ ಒಂದೇ."

ಅಲ್ಲಿಂದ ಈ ಕೋಣೆಗೊಂದು ಸಂಸಾರ ಬಂತು. ಮೂಲೆಯಲ್ಲಿ ಮರದ ಕಾಲುಗಳ ಮೇಲೆ ಕೂತಿರುವ, ನೀರಿನ ಡ್ರಮ್ಮಿನಷ್ಟು ದಪ್ಪದ ನಗಾರಿಯ ಹೆಸರು ದೊಡ್ಡಪ್ಪ. ಅವರಿಗೆ ಯಾವಾಗಲೂ ನಿದ್ದೆ, ನಿದ್ದೆ ಕೆಟ್ಟರೆ ಮೂಗಿನ ಮೇಲೆ ಕೋಪ. ತ್ರಿಕೋನದ ಕಬ್ಬಿಣದ ತಾಳ ಚಿಕ್ಕಮ್ಮ, ಮುಟ್ಟಿದರೆ ಸಾಕು ಊರಿಗೆಲ್ಲ ಸುದ್ದಿ. ಒಂದು ಕಡೆ ನೆಗ್ಗಿರುವ ಹಿತ್ತಾಳೆಯ ಕಹಳೆ ಚಾಡಿ ಕೇಳುವ ಸೋದರಮಾವ. "ಮಿಸ್, ಇವನು ಚಿವುಟಿದ" ಎಂದು ಯಾರಾದರೂ ಬಂದರೆ, ಹೋಗಿ ಮಾವನ ಕಿವಿಯಲ್ಲಿ ಹೇಳಿ ಬಾ ಎಂದು ಕಳಿಸುತ್ತಾರೆ. ಮಗು ಕಹಳೆಯ ಬಾಯಿಗೆ ಬಾಯಿಟ್ಟು ಪಿಸುಗುಟ್ಟಿ, ಹಗುರಾಗಿ ಬಂದು ಕೂರುತ್ತದೆ. ಮಾವನ ಹೊಟ್ಟೆ ದೊಡ್ಡದು, ಅಲ್ಲಿಂದ ಯಾವ ಮಾತೂ ಹೊರಬಿದ್ದಿಲ್ಲ.

ಎಲ್ಲಕ್ಕಿಂತ ದೊಡ್ಡ ಆಟ ದೊಡ್ಡಪ್ಪನದ್ದು. ಗಲಾಟೆ ಮಿತಿಮೀರಿದಾಗ ಮಿಸ್ ನಗಾರಿಗೆ ನೀಲಿ ಕಂಬಳಿ ಹೊದಿಸುತ್ತಾರೆ. ಅಷ್ಟೇ. ದೊಡ್ಡಪ್ಪ ಮಲಗಿದರು ಎಂದರ್ಥ. ಕಂಬಳಿ ತೆಗೆಯುವವರೆಗೆ ಯಾರೂ ಉಸಿರೆತ್ತದೆ ಇದ್ದರೆ, ಕೊನೆಯಲ್ಲಿ ಒಂದು ಮಗು ತನ್ನ ಸರದಿಯಂತೆ ಹೋಗಿ, ಮೈಯಲ್ಲಿರುವ ಬಲವನ್ನೆಲ್ಲ ಹಾಕಿ ನಗಾರಿಗೆ ಒಂದೇ ಒಂದು ಪೆಟ್ಟು ಹೊಡೆದು ಅವರನ್ನು ಎಬ್ಬಿಸಬಹುದು. ನಡುವೆ ಯಾರಾದರೂ ಸದ್ದು ಮಾಡಿದರೆ ಆ ಸರದಿ ಹೋದಂತೆ. ಆ ಒಂದು ಪೆಟ್ಟಿಗಾಗಿ ಮಕ್ಕಳು ವಾರಗಟ್ಟಲೆ ಕಾಯುತ್ತಾರೆ. ಮನೆಗೆ ಹೋಗಿ ಅದನ್ನೇ ಹೇಳುತ್ತಾರೆ. ಒಬ್ಬ ತಂದೆಯಂತೂ, "ಶಾಲೇಲಿ ಯಾರದೋ ದೊಡ್ಡಪ್ಪ ಮಲಗಿರ್ತಾರಂತೆ, ಏನು ಕಥೆ?" ಎಂದು ವಿಚಾರಿಸಲು ಬಂದಿದ್ದರು.

ಬೇರೆ ಶಾಲೆಗಳ ಟೀಚರುಗಳು ಬಾಗಿಲಲ್ಲಿ ನಿಂತು ನೋಡಿ ದಂಗಾಗಿ ಹೋದದ್ದಿದೆ. ಹೊಗಳಿಕೆ ಕೇಳಿ ಮಿಸ್ ಉಬ್ಬಿದ್ದೂ ಇದೆ. ಅದನ್ನು ಅವರೇ ಒಪ್ಪುತ್ತಾರೆ.

ಈಗ ಆ ದಿನದ ಮಾತು.

ಮೂರನೇ ತರಗತಿಯಲ್ಲಿ ಪಟಾಕಿ ಎಂದೇ ಎಲ್ಲರೂ ಕರೆಯುವ ಹುಡುಗಿಯೊಬ್ಬಳಿದ್ದಾಳೆ. ಬಾಯಿ ತೆಗೆದರೆ ಪಡಸಾಲೆಯ ಆ ತುದಿಗೆ ಕೇಳಬೇಕು. ಅಂದು ದೊಡ್ಡಪ್ಪನನ್ನು ಎಬ್ಬಿಸುವ ಸರದಿ ಅವಳದ್ದು. ಕಂಬಳಿ ಹೊದಿಸಿಯಾಗಿತ್ತು. ಆಗ ಆಯಾ ಬಂದು, ಆಫೀಸಿನಲ್ಲಿ ಫೋನ್ ಇದೆ ಎಂದಳು. ಮಿಸ್‌ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಫೋನ್ ಮಾಡಿದ್ದ ತಮ್ಮ ಗಾಬರಿಯಲ್ಲಿದ್ದ. ಯಾವ ಆಸ್ಪತ್ರೆ, ಯಾವ ಗಾಡಿ ಎಂದು ಮಾತು ಬೆಳೆಯಿತು. ತರಗತಿಯನ್ನು ಹಾಗೇ ಬಿಟ್ಟು ಬಂದಿದ್ದೇನೆ, ಕಂಬಳಿ ಹಾಗೇ ಇದೆ ಎಂಬುದು ಅವರ ತಲೆಯಿಂದ ಹಾರಿಹೋಯಿತು.

ಇತ್ತ ಪಟಾಕಿ, ನಗಾರಿಯ ಹತ್ತಿರ ಇರೋಣ ಎಂದು ಪಿಯಾನೊ ಪಕ್ಕಕ್ಕೆ ಸರಿದು, ಅದರ ಅಂಚಿಗೆ ಕೈಯೂರಿ ನಿಂತಳು. ತೆರೆದಿದ್ದ ಮುಚ್ಚಳ ಬೆರಳುಗಳ ಮೇಲೆ ಬಿತ್ತು.

ಅವಳು ಅಳಲಿಲ್ಲ. ಯಾವ ಮಗುವೂ ಕೂಗಲಿಲ್ಲ. ಇಬ್ಬರು ತುದಿಗಾಲಲ್ಲಿ ಬಂದು ಮುಚ್ಚಳ ಎತ್ತಿದರು. ಒಬ್ಬಳು ಜಡೆಯ ರಿಬ್ಬನ್ ಬಿಚ್ಚಿ ಬೆರಳಿಗೆ ಸುತ್ತಿದಳು. ಇನ್ನೊಬ್ಬ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಊದುತ್ತಾ ಕೂತ. ಎಲ್ಲರೂ ಅವಳ ಸುತ್ತ ಗುಂಪಾಗಿ ಕೂತು, ಕೆನ್ನೆ ಮೇಲೆ ನೀರು ಸುರಿಸುತ್ತಾ, ಒಂದು ಬಿಕ್ಕು ಕೂಡ ಹೊರಬಿಡದೆ ಕಾದರು.

ತರಗತಿಯ ನೆನಪಾದದ್ದೇ ಮಿಸ್ ಆಯಾಳ ಜೊತೆ ಓಡೋಡಿ ಬಂದರು. ಕೋಣೆ ನಿಶ್ಶಬ್ದವಾಗಿತ್ತು.

"ನನಗೆ ಮೊದಲು ಏನನಿಸಿತು ಅಂತ ಹೇಳ್ಲಾ?" ಎಂದು ಕೇಳುತ್ತಾರೆ ಅವರು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ. "ಖುಷಿ. ಬಾಗಿಲಲ್ಲೇ ನಿಂತು ಆಯಾಗೆ ತೋರಿಸ್ದೆ, ನೋಡು ನನ್ನ ಮಕ್ಕಳನ್ನ ಅಂತ. ಇಷ್ಟು ಹೊತ್ತಾದ್ರೂ ಹೇಗೆ ಕೂತಿದಾರೆ ನೋಡು ಅಂದೆ. ಆಮೇಲೆ ರಿಬ್ಬನ್ ಕಾಣಿಸ್ತು. ಬಿಳೀ ರಿಬ್ಬನ್ ಅದು, ಕೆಂಪಗಾಗಿತ್ತು."

ಅವರು ಓಡಿಹೋಗಿ ಹುಡುಗಿಯ ಮುಂದೆ ನೆಲದ ಮೇಲೆ ಕೂತರು. ಯಾಕೆ ಕೂಗಲಿಲ್ಲ ಮಗಳೇ ಎಂದು ಕೇಳಿದರು. ಹುಡುಗಿ ಕಂಬಳಿಯ ಕಡೆ ಕಣ್ಣು ತೋರಿಸಿ, ಅವರದೇ ಪಿಸುದನಿಯಲ್ಲಿ ಹೇಳಿದಳು: "ಅತ್ರೆ ದೊಡ್ಡಪ್ಪ ಎದ್ದುಬಿಡ್ತಿದ್ರು ಮಿಸ್. ನನ್ನ ಸರದಿ ಹೋಗ್ತಿತ್ತು."

ಎರಡು ಬೆರಳಿನ ಮೂಳೆ ಬಿರುಕು ಬಿಟ್ಟಿತ್ತು. ಮರುದಿನ ಹುಡುಗಿಯ ಅಜ್ಜಿ ಶಾಲೆಗೆ ಬಂದರು. ಬೈಯುತ್ತಾರೆ, ಬೈಯಲಿ, ಬೈದರೆ ನನಗೂ ಹಗುರಾಗುತ್ತದೆ ಎಂದು ಮಿಸ್ ತಲೆ ತಗ್ಗಿಸಿ ನಿಂತರು. ಅಜ್ಜಿ ಬೈಯಲಿಲ್ಲ.

"ಸೊಳ್ಳೆ ಕಚ್ಚಿದ್ರೆ ಬೀದಿಗೆ ಬೀದಿಯೇ ಸೇರೋ ಹಾಗೆ ಅಳೋ ಹುಡುಗಿ ಕಣಮ್ಮ ಇದು," ಎಂದರು. "ಬೆರಳು ಮುರಿದ್ರೂ ಅಳಲಿಲ್ಲ ಅಂದ್ರೆ, ನೀನು ಇವಳಿಗೆ ಏನು ಮಾಡಿದೀಯ?"

ಮಕ್ಕಳನ್ನು ಹೆದರಿಸಲಿಲ್ಲ, ಗದರಿಸಲಿಲ್ಲ, ಬರೀ ಆಟ ಆಡಿಸಿದೆ ಎಂದುಕೊಂಡಿದ್ದರು ಮಿಸ್. ಆಟಕ್ಕೆ ಇಷ್ಟು ಶಕ್ತಿ ಇದೆ ಎಂಬುದೇ ಅವರಿಗೆ ಗರ ಬಡಿಸಿದ್ದು. ಅಂದೇ ನಗಾರಿಯನ್ನು ಉಗ್ರಾಣಕ್ಕೆ ಸಾಗಿಸಿದರು. ತರಗತಿ ಮೀನು ಮಾರುಕಟ್ಟೆಯಾಯಿತು. ಮೂರನೇ ದಿನ ತಡೆಯಲಾಗದೆ ಕಿರುಚಿದರು. ದನಿ ಒಡೆದು ಎಂಥದೋ ಕರ್ಕಶ ಸದ್ದು ಬಂತು, ಮಕ್ಕಳು ಬೆಚ್ಚಿಬಿದ್ದರು. ಆಗ ಮುಂದಿನ ಸಾಲಿನ ಪುಟ್ಟವನೊಬ್ಬ ಎದ್ದು, "ದೊಡ್ಡಪ್ಪ ಸತ್ತುಹೋದ್ರಾ ಮಿಸ್?" ಎಂದ. ಕೇಳಿ ಅರ್ಧ ತರಗತಿ ಅಳುವುದಕ್ಕೆ ಶುರುಮಾಡಿತು.

ಹಾಗೆ ದೊಡ್ಡಪ್ಪ ವಾಪಸ್ ಬಂದರು, ಆದರೆ ಬುದ್ಧಿ ಕಲಿತುಕೊಂಡು ಬಂದರು. ಈಗ ಅವರ ಮಾತು ಇಷ್ಟು: ನನ್ನ ನಿದ್ದೆ ಹಾಳಾದರೆ ಹಾಳಾಗಲಿ, ಯಾರಿಗಾದರೂ ನೋವಾದಾಗ ನನ್ನನ್ನು ಎಬ್ಬಿಸದಿದ್ದರೆ ಮಾತ್ರ ನನಗೆ ಕೆಟ್ಟ ಕೋಪ ಬರುತ್ತದೆ. ಹಾಗೆ ಎಬ್ಬಿಸಿದರೆ ಯಾರ ಸರದಿಯೂ ಹೋಗುವುದಿಲ್ಲ. ಪ್ರತಿ ತರಗತಿಯ ಮೊದಲಿಗೆ ಇದರದ್ದೇ ಅಭ್ಯಾಸ. ಒಬ್ಬೊಬ್ಬರೂ ಹೊಟ್ಟೆನೋವು, ಹಲ್ಲುನೋವು ಎಂದು ನಾಟಕವಾಡಿ ನಗಾರಿ ಬಡಿಯುತ್ತಾರೆ. ಮೊದಲ ವಾರ ಆ ತರಗತಿಗೆ ಬಂದಷ್ಟು ಕಾಯಿಲೆ ಯಾವ ಆಸ್ಪತ್ರೆಗೂ ಬಂದಿರಲಿಕ್ಕಿಲ್ಲ.

ಪಟಾಕಿ ಮಾತ್ರ ಏಳುವುದಿಲ್ಲ. ಪಟ್ಟಿ ಬಿಚ್ಚಿಯಾಗಿದೆ, ಬೆರಳು ಕೂಡಿಕೊಂಡಿದೆ. ಆದರೂ ಬಾಗಿಲ ಪಕ್ಕದಲ್ಲಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಾಳೆ. ಹಾಡುವುದಿಲ್ಲ, ಏನನ್ನೂ ಮುಟ್ಟುವುದಿಲ್ಲ. ಮುಚ್ಚಳ ಬಿದ್ದ ದಿನದಿಂದ ಮನೆಯಲ್ಲೂ ಅತ್ತಿಲ್ಲ ಎನ್ನುತ್ತಾರೆ ಅಜ್ಜಿ. ಈ ಶೈಕ್ಷಣಿಕ ಅವಧಿ ಮುಗಿಯುವುದರೊಳಗೆ ಆ ಮಗು ಈ ಕೋಣೆಯಲ್ಲಿ ಒಂದಾದರೂ ಸದ್ದು ಮಾಡದಿದ್ದರೆ, ಬೀಗದ ಕೈ ಕೊಟ್ಟು ಪಾಠ ಬಿಟ್ಟು ಗ್ರಂಥಾಲಯದ ಕೆಲಸಕ್ಕೆ ಹೋಗುತ್ತೇನೆ ಎಂದು ಮಿಸ್ ಶಾಲೆಯ ಮುಖ್ಯಸ್ಥೆ ದೊಡ್ಡ ಮೇಡಂಗೆ ಹೇಳಿಬಿಟ್ಟಿದ್ದಾರೆ. ದೊಡ್ಡ ಮೇಡಂ ಎಷ್ಟು ಹೇಳಿದರೂ ಕೇಳಿಲ್ಲ.

"ಒಂದು ಮಗುವಿನ ಬಾಯಿ ಮುಚ್ಚಿಸಿದವಳು ಉಳಿದವರಿಗೆ ಹಾಡೋಕೆ ಹೇಳೋದು ಹೇಗೆ?" ಎನ್ನುತ್ತಾರೆ. ಅವಧಿ ಮುಗಿಯಲು ಉಳಿದಿರುವುದು ಎರಡೇ ದಿನ. ಮೂರನೇ ತರಗತಿಗೆ ಇಂದೇ ಕೊನೆಯ ಪಾಠ.

ಗಂಟೆಯಾಗುತ್ತದೆ. ಮಕ್ಕಳು ಮಿಸ್‌ನ ಚಪ್ಪಾಳೆಗೆ ಹೆಜ್ಜೆ ಹಾಕುತ್ತಾ, ಕಳ್ಳರ ಹಾಗೆ ತುದಿಗಾಲಲ್ಲಿ ಒಳಗೆ ಬರುತ್ತಾರೆ. ನಾಟಕದ ನೋವುಗಳೆಲ್ಲ ಮುಗಿಯುತ್ತವೆ. ಹಾಡು, ತಾಳ, ಸ್ವಲ್ಪ ಜಗಳ, ಮಾವನ ಕಿವಿಗೆ ಎರಡು ಚಾಡಿ. ಗದ್ದಲ ಏರುತ್ತಿದ್ದಂತೆ ಮಿಸ್ ಕಂಬಳಿ ಹೊದಿಸುತ್ತಾರೆ. ಕೋಣೆ ತಟ್ಟನೆ ತಣ್ಣಗಾಗುತ್ತದೆ. ಅವರು ಸಾಲುಗಳ ನಡುವೆ ಸದ್ದಿಲ್ಲದೆ ನಡೆಯುತ್ತಾ ಪಿಯಾನೊ ಬಳಿ ತಿರುಗುತ್ತಾರೆ.

ಕಾಲಿನ ಕಿರುಬೆರಳು ಪಿಯಾನೊದ ಕಬ್ಬಿಣದ ಗಾಲಿಗೆ ಬಡಿಯುತ್ತದೆ. ಆ ಪೆಟ್ಟು ತಿಂದವರಿಗೇ ಗೊತ್ತು ಅದರ ರುಚಿ. ಮಿಸ್‌ನ ಮುಖ ಬಿಳಿಚಿಕೊಳ್ಳುತ್ತದೆ. ಕಣ್ಣಲ್ಲಿ ನೀರು ತುಂಬುತ್ತದೆ. ಅವರು ತುಟಿ ಕಚ್ಚಿ, ಪಿಯಾನೊ ಹಿಡಿದು, ಒಂದು ಸದ್ದೂ ಮಾಡದೆ ಬಗ್ಗುತ್ತಾರೆ. ವರ್ಷಗಳ ಅಭ್ಯಾಸ. ದೊಡ್ಡಪ್ಪ ಮಲಗಿದ್ದಾರಲ್ಲ. ಮಕ್ಕಳು ಬೆಪ್ಪಾಗಿ ನೋಡುತ್ತಾರೆ.

ಬಾಗಿಲ ಬಳಿ ಯಾರೋ ಏಳುತ್ತಾರೆ. ಪಟಾಕಿ. ಬೆಂಚುಗಳ ನಡುವೆ ನುಗ್ಗಿ ಬಂದು, ಕಂಬಳಿಯನ್ನು ಎಳೆದು ನೆಲಕ್ಕೆಸೆದು, ಕೋಲು ಹುಡುಕುವಷ್ಟೂ ತಾಳ್ಮೆಯಿಲ್ಲದೆ ಅದೇ ಕೈಯಿಂದ ನಗಾರಿಗೆ ಗುದ್ದುತ್ತಾಳೆ. ಕಿಟಕಿಯ ಗಾಜುಗಳು ನಡುಗುತ್ತವೆ.

"ದೊಡ್ಡಪ್ಪಾ, ಮಿಸ್‌ಗೆ ನೋವಾಗಿದೆ," ಎಂದು ಕೂಗುತ್ತಾಳೆ. ಮತ್ತೊಮ್ಮೆ ಗುದ್ದುತ್ತಾಳೆ. "ತುಂಬಾ ನೋವಾಗಿದೆ, ಏಳಿ."

ಕೂಗುತ್ತಾ ಕೂಗುತ್ತಾ ಅವಳ ಬಾಯಿ ಸೊಟ್ಟಗಾಗುತ್ತದೆ. ಎರಡು ತಿಂಗಳಿಂದ ಎಲ್ಲಿ ಅಡಗಿತ್ತೋ ಆ ಅಳು, ಕಟ್ಟೆಯೊಡೆದು ಬರುತ್ತದೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಲೆಕ್ಕದ ಮೇಷ್ಟ್ರು ಸೀಮೆಸುಣ್ಣ ಹಿಡಿದೇ ಓಡಿ ಬರುತ್ತಾರೆ. ಆಯಾ ಬರುತ್ತಾಳೆ. ಪಕ್ಕದ ತರಗತಿಗಳ ಮಕ್ಕಳು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ದೊಡ್ಡ ಮೇಡಂ ಏದುಸಿರು ಬಿಡುತ್ತಾ ಬಂದು, ಹುಡುಗಿಯ ಕಡೆ ಕೈಚಾಚಿ, ಸುಮ್ಮನಿರು ಪುಟ್ಟಾ ಎನ್ನಲು ಬಾಯಿ ತೆಗೆಯುತ್ತಾರೆ.

ಮಿಸ್ ಆ ಚಾಚಿದ ಕೈಯನ್ನು ಹಿಡಿದು ತಡೆಯುತ್ತಾರೆ. ಕುಂಟುತ್ತಾ ಹೋಗಿ ಹುಡುಗಿಯ ಪಕ್ಕ ನೆಲದ ಮೇಲೆ ಕೂರುತ್ತಾರೆ. ಅವರ ಕೆನ್ನೆಯೂ ಒದ್ದೆಯಾಗಿದೆ, ಕಾಲುಬೆರಳು ಊದುತ್ತಿದೆ, ಕೋಣೆಯ ಬೀಗದ ಕೈ ಸ್ವೆಟರಿನ ಜೇಬಿನಲ್ಲೇ ಇದೆ.

"ಸುಮ್ಮನಿರಿಸೋಕೆ ಹೋಗ್ಬೇಡಿ ಮೇಡಂ," ಎನ್ನುತ್ತಾರೆ. "ಅಳ್ಲಿ. ಮುಗಿಯೋವರೆಗೂ ಎಲ್ಲರೂ ಕೂತು ಕೇಳೋಣ."