ಕಬ್ಬಿನ ಸಾಲಿನೊಳಗಿನ ಸಿನಿಮಾ

೧೯೮೧ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಪಾಸಾಗಿತ್ತು, ಎಂಟಕ್ಕೆ ಹೋಗಲಿಲ್ಲ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಅಂಕಲಿಯ ನಮ್ಮ ಮನೆಯ ಮುಂದೆ ಟ್ರ್ಯಾಕ್ಟರ್ ಹಾದುಹೋದರೆ ಪುಸ್ತಕದ ಅಕ್ಷರ ನನಗೆ ಕಾಣುತ್ತಿರಲಿಲ್ಲ. ಮೊದಲು ಕಬ್ಬು ಹೇರುವ ಕೆಲಸ, ಆಮೇಲೆ ಇನ್ನೊಬ್ಬರ ಟ್ರ್ಯಾಕ್ಟರ್, ಆಮೇಲೆ ನನ್ನ ಸ್ವಂತದ್ದು. ತೊಂಬತ್ತರ ದಶಕ ಅರ್ಧ ಮುಗಿಯುವ ಹೊತ್ತಿಗೆ, ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಏರಿನಲ್ಲಿ ಒಂದು ಗೇಣೂ ಹಿಂದೆ ಜಾರದ ಡ್ರೈವರ್ ಯಾರು ಎಂದು ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಲ್ಲಿ ಕೇಳಿದರೂ ಜನ ನನ್ನ ಕಡೆ ಕೈ ಮಾಡುತ್ತಿದ್ದರು. ಇದನ್ನು ಜಂಬ ಎಂದರೂ ಸರಿ, ಇದ್ದದ್ದನ್ನು ಬರೆಯುತ್ತಿದ್ದೇನೆ.

ಹಾಗೆ ಕೇಳುತ್ತ ಕೇಳುತ್ತ ಒಬ್ಬ ಸಿನಿಮಾ ನಿರ್ದೇಶಕರು ನನ್ನ ಬಾಗಿಲಿಗೆ ಬಂದರು. ರಾಯಬಾಗದ ಜೈನ ವ್ಯಾಪಾರಿ ಮನೆತನದವರು, ನನ್ನದೇ ವಯಸ್ಸು. ಬೆನ್ನ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಒಂದು ಹಳೆಯ ಜೀಪು, ಒಂದು ಕ್ಯಾಮೆರಾ, ಅದನ್ನು ಹಿಡಿಯಲು ಒಬ್ಬ ಗೆಳೆಯ, ಅಷ್ಟೇ.

"ನಿಮ್ಮ ಟ್ರೇಲರ್ ಮ್ಯಾಲ ಕ್ಯಾಮೆರಾ ಕಟ್ಟಬೇಕ್ರಿ. ಹಾಲಿನ ಚರಗಿ ಇಟ್ರೂ ತುಳುಕಬಾರದು, ಹಂಗ ಓಡಸ್ತೀರೇನ್ರಿ?"

"ಚರಗಿ ಕಂಠಮಟ ತುಂಬಿಸಿ ತರ್ರಿ," ಅಂದೆ.

ಅವತ್ತಿನಿಂದ ನಾನು ಸಿನಿಮಾದವನಾದೆ. ಕತೆ ಬಹಳ ಸಣ್ಣದು. ಗಂಡ ಸತ್ತ ಒಬ್ಬ ಹೆಂಗಸು ತಾನೇ ಗಾಡಿ ಹೂಡಿಕೊಂಡು ತನ್ನ ಕಬ್ಬನ್ನು ಕಾರ್ಖಾನೆಗೆ ಒಯ್ಯುತ್ತಾಳೆ. ಕಾರ್ಖಾನೆಯ ಮುಂದೆ ಗಾಡಿಗಳ ಸಾಲಿನಲ್ಲಿ ನಿಂತಾಗ ಅವಳ ಒಂದು ಎತ್ತು ಕುಸಿದು ಬೀಳುತ್ತದೆ. ಎತ್ತು ಏಳುತ್ತದೋ ಇಲ್ಲವೋ, ಅವಳ ಪಾಳಿ ಉಳಿಯುತ್ತದೋ ಇಲ್ಲವೋ. ಹಾಡಿಲ್ಲ, ಹೊಡೆದಾಟವಿಲ್ಲ. ಕಾಲುವೆಯ ದಂಡೆಗುಂಟ ನಾನು ಸಣ್ಣ ಗೇರಿನಲ್ಲಿ ಟ್ರ್ಯಾಕ್ಟರ್ ನಡೆಸಿದರೆ ಕ್ಯಾಮೆರಾ ಅವಳ ಗಾಡಿಯ ಪಕ್ಕದಲ್ಲಿ ತೇಲಿದಂತೆ ಹೋಗುತ್ತಿತ್ತು. ಒಂದೇ ತೊಂದರೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ನೇಮದವರು ನಿರ್ದೇಶಕರು. ಬಿಸಿಲು ಬಂಗಾರದ ಬಣ್ಣಕ್ಕೆ ತಿರುಗಿತು ಅನ್ನುವಷ್ಟರಲ್ಲಿ ಬುತ್ತಿ ಬಿಚ್ಚಿ ಕೂಡುತ್ತಿದ್ದರು. ಕ್ಯಾಮೆರಾದ ಗೆಳೆಯ ಹಣೆ ಚಚ್ಚಿಕೊಳ್ಳುತ್ತಿದ್ದ. "ಛಲೋ ಬೆಳಕೆಲ್ಲಾ ನಿನ್ನ ಚಪಾತಿಗೇ ಹೊಂಟೈತಲೋ ಮಾರಾಯಾ!"

ಚಿತ್ರ ಮುಗಿಯಿತು. ರೀಲಿನ ಡಬ್ಬಿಗಳನ್ನು ಹೊತ್ತುಕೊಂಡು ನಾನೂ ನಿರ್ದೇಶಕರೂ ಚಿಕ್ಕೋಡಿಯ ಒಂದು ಥೇಟರಿಗೆ ಹೋದೆವು. ಅಲ್ಲಿ ಬಾಗಿಲಿಗಿಂತ ಎತ್ತರದ ಕಟೌಟ್ ನಿಲ್ಲಿಸುತ್ತಿದ್ದರು. ಮೈಗಂಟಿದ ಬಟ್ಟೆ, ಬೆನ್ನಿಗೆ ಕೆಂಪು ವಸ್ತ್ರ, ಒಂದು ಕೈ ಆಕಾಶಕ್ಕೆ. ಹಿಂದಿಯಲ್ಲಿ ಮಾತಾಡಿಸಿದ ವಿಲಾಯಿತಿ ಪಿಚ್ಚರು, ಶುಕ್ರವಾರದಿಂದ ದಿನಕ್ಕೆ ನಾಲ್ಕು ಆಟ. ಮಾಲೀಕರು ಎಲೆ ಅಡಿಕೆ ಜಗಿಯುತ್ತ ನಮ್ಮನ್ನು ನೋಡಿದರು.

"ನಿಮ್ಮ ಪಿಚ್ಚರದಾಗ ಯಾರು ಹಾರ್ತಾರ?"

"ಯಾರೂ ಹಾರಂಗಿಲ್ರಿ," ಅಂದರು ನಿರ್ದೇಶಕರು.

"ಬೆಂಕ್ಯಾಗರ ಜಿಗೀತಾರ?"

"ಇಲ್ರಿ. ಒಂದು ಎತ್ತು ಬೀಳ್ತೈತ್ರಿ."

ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ಆದರೆ ಕೆಟ್ಟವರಲ್ಲ, ಪಣ ಕಟ್ಟುವ ಖುಷಿಯ ಮನುಷ್ಯ. "ಒಂದು ಮಾತ ಹೇಳ್ತೀನಿ ಕೇಳ್ರಿ. ನೂರು ಮಂದಿಗೆ ಪುಕ್ಕಟೆ ತೋರಸ್ರಿ, ನಾನೂ ಬರ್ತೀನಿ. ಕಡೀತನಕ ಕುಂತ್ರ ಶುಕ್ರವಾರದಿಂದ ಮೂರರ ಆಟ ನಿಮ್ದು. ಎದ್ದು ಹ್ವಾದ್ರ ಡಬ್ಬಿ ಕಟಗೊಂಡು ರಾಯಬಾಗ ಬಸ್ ಹತ್ರಿ."

ಹೊರಗೆ ಬಂದಾಗ ನಿರ್ದೇಶಕರ ಮುಖ ಬಾಡಿತ್ತು. ಬೇರೆ ಥೇಟರುಗಳೆಲ್ಲ ಆಗಲೇ ಇಲ್ಲ ಅಂದಿದ್ದವು. ಇದು ಹೋದರೆ ಚಿತ್ರ ಡಬ್ಬಿಯಲ್ಲೇ ಉಳಿಯುತ್ತಿತ್ತು. "ನೂರು ಮಂದೀನ ಎಲ್ಲಿಂದ ತರೋದ್ರಿ?" ಅಂದರು.

ನನಗೆ ಒಮ್ಮೆಲೇ ಹೊಳೆಯಿತು. ಖುಷಿಗೆ ಅವರ ಬೆನ್ನಿಗೆ ಬಾರಿಸಿಯೂಬಿಟ್ಟೆ. "ನಮ್ಮ ಕಬ್ಬಿನ ಗಾಡಿ ಸಾಲು ಐತಲ್ರಿ!"

ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಗಾಡಿ, ಟ್ರ್ಯಾಕ್ಟರುಗಳ ಸಾಲು ಹಳ್ಳದ ಆಚೆಗೂ ಹೋಗುತ್ತದೆ. ತೂಕದ ಕಾಟಾ ಮುಟ್ಟುವತನಕ ಯಾರೂ ಕದಲುವಂತಿಲ್ಲ. ಮುಂದಿನ ಗಾಡಿ ಸರಿದಾಗ ನೀನು ಇಲ್ಲವಾದರೆ ಹಿಂದಿನವನು ನುಗ್ಗಿದ, ಪಾಳಿ ಹೋಯಿತು. ಅಲ್ಲೇ ಊಟ, ಅಲ್ಲೇ ಇಸ್ಪೀಟು, ಅಲ್ಲೇ ಜಗಳ. ಥೇಟರಿಗೆ ಹೋಗಲಾಗದ ಮಂದಿಯ ಹತ್ತಿರಕ್ಕೆ ಥೇಟರನ್ನೇ ಒಯ್ದರಾಯಿತು.

ಮರುದಿನ ಸಾಲಿನ ನಡುವೆ ನಿಂತು ನನ್ನ ಹಿಂದಿನ ಟ್ರೇಲರಿನ ಬೆನ್ನಿಗೆ ಬಿಳಿ ಧೋತರ ಬಿಗಿದೆವು. ಅದರ ಹಿಂದೆ, ಹತ್ತು ಮಾರು ಬಿಟ್ಟು, ಜೀಪು. ಜೀಪಿನ ಮೂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬಾಡಿಗೆಗೆ ತಂದ ಸಣ್ಣ ಪ್ರೊಜೆಕ್ಟರ್ ಯಂತ್ರ, ಒಳಗೆ ಗುಡುಗುಡು ಅನ್ನುವ ಜನರೇಟರ್. ಜೀಪಿನ ಹಿಂದಿದ್ದ ಗಾಡಿ ಕೊಗನೊಳ್ಳಿಯ ಒಬ್ಬನದು. ಬಾಯಿ ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು. ಹೊತ್ತು ಮುಳುಗುತ್ತಲೇ ಜನ ಸೇರಿದರು. ಮಾಲೀಕರೂ ಬಂದು ಮಡಚುವ ಕುರ್ಚಿ ಹಾಕಿಸಿಕೊಂಡು ಕೂತರು.

ಚಿತ್ರ ಶುರುವಾಯಿತು. ಕಬ್ಬು ಕಂಡಿತು, ಗಾಡಿ ಕಂಡಿತು.

"ಕಾಯ ಹೋ ಸಾಹೇಬ," ಎಂದು ಗಡಿಯ ಮರಾಠಿ ಬೆರೆಸಿ ಕೂಗಿದ ಕೊಗನೊಳ್ಳಿಯವನು, "ದಿನಾ ಇದನ್ನ ನೋಡಿ ಕಣ್ಣ ಸವದಾವು, ಮತ್ತ ಇದನ್ನ ತೋರಸ್ತೀರೇನ್ರಿ? ನಿಮ್ಮ ಹೀರೋ ಎಲ್ಲಿ ಅದಾನ?"

"ಲೇ, ನಿನ್ನ ಮೀಸಿ ನೋಡಿ ಓಡಿ ಹೋಗ್ಯಾನ, ಸುಮ್ಮ ಕುಂಡ್ರು!" ಎಂದ ಇನ್ನೊಬ್ಬ. ನಗೆಯೋ ನಗೆ. ನಿರ್ದೇಶಕರು ಉಗುರು ಕಚ್ಚುತ್ತಿದ್ದರು.

ಆದರೆ ಮಂದಿ ಬೈಯುತ್ತಲೇ ನೋಡತೊಡಗಿದರು. "ಏ ಯವ್ವಾ, ಎಡಗಡಿ ಎತ್ತಿಂದು ಹಗ್ಗ ಸಡ್ಲ ಐತಿ ನೋಡ," ಎಂದು ಪರದೆಯ ಮೇಲಿನ ಹೆಂಗಸಿಗೇ ಹೇಳತೊಡಗಿದರು. ಎತ್ತು ಬಿತ್ತು ನೋಡಿ, ಇಸ್ಪೀಟಿನ ಸಪ್ಪಳವೂ ನಿಂತಿತು.

ಸರಿಯಾಗಿ ಆಗಲೇ ಗೇಟಿನ ಸೀಟಿ ಊದಿತು. ಸಾಲು ಹೊರಟಿತು! ಮುಂದೆ ಎಂಜಿನ್ನುಗಳು ಗರ್ಜಿಸಿದವು, ಹಿಂದೆ ಬಾರುಕೋಲು ಎದ್ದವು. ಮಾಲೀಕರು ಕುರ್ಚಿ ಮಡಚಿದರು. "ಮುಗೀತಲ್ರಿ ನಿಮ್ಮ ಆಟ."

ನಾನು ಮುಂದೆ ಹೋದರೆ ಪರದೆ ಹೋಗುತ್ತದೆ, ಹೋಗದಿದ್ದರೆ ಹಿಂದಿನವರು ನನ್ನನ್ನು ಹರಿದು ತಿನ್ನುತ್ತಾರೆ. ಕಬ್ಬು ಬಿಗಿಯುವ ಹಗ್ಗ ಎಳೆದುಕೊಂಡು ಬಂದು ಒಂದು ತುದಿ ಟ್ರೇಲರಿಗೆ, ಇನ್ನೊಂದು ಜೀಪಿಗೆ ಕಟ್ಟಿದೆ. "ಸಾಹೇಬ್ರ, ಜೀಪ್ ನ್ಯೂಟ್ರಲ್ ಇಡ್ರಿ. ಬ್ರೇಕ್ ಮ್ಯಾಲ ಹಗೂರ ಕಾಲ ಇರಲಿ. ಹಗ್ಗ ಸಡ್ಲ ಬಿಡಬ್ಯಾಡ್ರಿ. ಯಂತ್ರ ಬಂದ್ ಮಾಡಬ್ಯಾಡ್ರಿ!"

ನಾನು ಏರಿ ಕೂತು ಸಣ್ಣ ಗೇರು ಹಾಕಿದೆ. ಕ್ಲಚ್ಚನ್ನು ಹಾಗೆ ನಾನು ಜನ್ಮದಲ್ಲಿ ಬಿಟ್ಟಿರಲಿಲ್ಲ. ಟ್ರೇಲರ್ ಹೊರಟಿತು, ಹಗ್ಗ ಬಿಗಿಯಿತು, ಜೀಪು ಹೊರಟಿತು. ಪರದೆಗೂ ಯಂತ್ರಕ್ಕೂ ಅದೇ ಹತ್ತು ಮಾರು. ಚಿತ್ರ ಒಂಚೂರು ನಡುಗಿತು, ಆದರೆ ಮಸುಕಾಗಲಿಲ್ಲ! ತಿರುಗಿ ನೋಡುತ್ತೇನೆ, ಮಂದಿಯೆಲ್ಲ ಎದ್ದು ಪರದೆಯ ಹಿಂದೆ ಬರುತ್ತಿದ್ದಾರೆ. ಎತ್ತುಗಳಿಗೆ ಸಾಲಿನ ದಾರಿ ಗೊತ್ತು, ಅವು ತಾವೇ ಗಾಡಿ ಎಳೆದುಕೊಂಡು ಬರುತ್ತಿದ್ದವು. ಗಾಡಿಯವರು ಹಗ್ಗ ಬಿಟ್ಟು ಪರದೆಗೆ ಕಣ್ಣು ನೆಟ್ಟು, ಒಬ್ಬರ ಕಾಲು ಒಬ್ಬರು ತುಳಿಯುತ್ತ ನಡೆದಿದ್ದರು. ಕುರ್ಚಿ ಕಂಕುಳಲ್ಲಿಟ್ಟುಕೊಂಡು ಮಾಲೀಕರೂ ನಡೆದಿದ್ದರು.

ಹಾಗೆ ನಿಂತು, ಸರಿದು, ನಿಂತು, ಸರಿದು ಬಂದೆವು. ಎದುರಿಗೆ ಕಾಟಾದ ದೀಪ ಕಂಡಿತು. ಚಿತ್ರ ಇನ್ನೂ ಮುಗಿದಿರಲಿಲ್ಲ. ಅವಳು ಎತ್ತಿನ ತಲೆ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುತ್ತಿದ್ದಳು. ಮುಂದಿನ ಪಾಳಿ ನನ್ನದು. ಕಾಟಾ ಹತ್ತಿದರೆ ಪರದೆ ಕಾರ್ಖಾನೆಯೊಳಗೆ ಹೋಗುತ್ತದೆ.

ನಾನು ಯಾವತ್ತೂ ಪಾಳಿ ಬಿಟ್ಟವನಲ್ಲ. ಅವತ್ತು ಟ್ರ್ಯಾಕ್ಟರನ್ನು ಪಕ್ಕಕ್ಕೆ ಹೊರಳಿಸಿ, ಜೀಪನ್ನೂ ಎಳೆದುಕೊಂಡು, ದಾರಿ ಬಿಟ್ಟು ನಿಂತೆ. ಹಿಂದಿನವನಿಗೆ ಕೈ ಮಾಡಿದೆ. "ನೀ ಹೋಗಪಾ."

ಹಿಂದಿನವನೆಂದರೆ ಅದೇ ಕೊಗನೊಳ್ಳಿಯವನು. ಅವನು ತನ್ನ ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿಯೇಬಿಟ್ಟ. "ನಾ ಹೋಗಾಂಗಿಲ್ಲ. ಆಕಿ ಎತ್ತ ಏಳ್ತೈತೋ ಇಲ್ಲೋ ನೋಡದ ನಾ ಹೆಂಗ ಹೋಗ್ಲಿ?"

ಅವನ ಹಿಂದಿನವರೂ ಹೋಗಲಿಲ್ಲ. ಕಾಟಾ ಖಾಲಿ. ತೂಕದ ಗುಮಾಸ್ತರು ಕೈ ಬೀಸುತ್ತ ಓಡಿ ಬಂದರು. "ಏ, ನಿದ್ದಿ ಹತ್ತೇತೇನ್ರಲೇ? ಗಾಡಿ ಬಿಡ್ರಿ!"

"ಶ್!" ಎಂದರು ಎಲ್ಲರೂ ಒಟ್ಟಿಗೆ. ಗುಮಾಸ್ತರು ಪರದೆಯ ಕಡೆ ತಿರುಗಿದರು. "ಏನಾಗೇತಿ ಎತ್ತಿಗೆ?" ಅಂದರು ಮೆಲ್ಲಗೆ.

ಎತ್ತು ಮುಂಗಾಲು ಊರಿತು. ಜಾರಿತು. ಮತ್ತೆ ಊರಿತು. ಎದ್ದು ನಿಂತಿತು. ಅವಳು ನೊಗಕ್ಕೆ ಕೈ ಹಚ್ಚಿದಳು, ಗಾಡಿ ಹೊರಟಿತು. "ಎದ್ದಿತಲೇ!" ಎಂದು ಮೀಸೆಯವನು ನನ್ನನ್ನು ಸೊಂಟಕ್ಕೆ ಹಿಡಿದು ಎತ್ತಿಬಿಟ್ಟ. ಸೀಟಿ, ಟವೆಲು, ಹಾರ್ನು! ಸಾಲಿನ ಕೊನೆಯಲ್ಲಿದ್ದ, ಏನೂ ಕಾಣದ ಟ್ರ್ಯಾಕ್ಟರುಗಳೂ ಹಾರ್ನು ಹೊಡೆದವು.

ಮಾಲೀಕರು ಧೂಳು ಮೆತ್ತಿದ ಧೋತರ ಜಾಡಿಸಿಕೊಂಡರು. "ಶರತ್ತು ಕುಂಡ್ರೂದಿತ್ತು. ಇವರು ಯಾರೂ ಕುಂಡ್ರಲೇ ಇಲ್ಲ," ಅಂದರು. ನಿರ್ದೇಶಕರು ಡಬ್ಬಿ ಕಟ್ಟಲು ಬಗ್ಗಿದರು. "ನಡಕೋತ ನೋಡಿದ್ರು. ಇಪ್ಪತ್ತು ವರ್ಷ ಥೇಟರ್ ನಡೆಸೀನಿ, ನಡಕೋತ ಪಿಚ್ಚರ ನೋಡಿದ್ದು ನೋಡಿಲ್ಲ. ಮೂರರ ಆಟ ನಿಮ್ದು, ತಗೋರಿ."

ಶುಕ್ರವಾರ ಆ ಕಟೌಟಿನ ಕಾಲ ಬುಡದಲ್ಲಿ ನಮ್ಮ ಕೈಬರಹದ ಬೋರ್ಡು ನಿಂತಿತು. ಹಾರಾಡುವವನ ಉಳಿದ ಮೂರು ಆಟವೂ ತುಂಬಿದವು, ಸುಳ್ಳೇಕೆ ಹೇಳಲಿ. ನಾನೂ ನೋಡಿದೆ, ಅವನು ರೈಲು ಎತ್ತಿದಾಗ ಸೀಟಿಯನ್ನೂ ಹೊಡೆದೆ. ಆದರೆ ಅವನ ರೀಲುಗಳಿಗೆ ಮುಂದಿನ ಊರಿನ ಅವಸರ, ಒಂದು ವಾರಕ್ಕೆ ಹೊರಟುಹೋದವು. ನಮ್ಮ ಹೆಂಗಸು ಮತ್ತೊಂದು ವಾರ ಉಳಿದಳು. ಗಾಡಿಯವರು ಹೆಂಡತಿ, ಅತ್ತೆ, ಬೀಗರನ್ನೆಲ್ಲ ಕರೆದುಕೊಂಡು ಬಂದರು. ಆಮೇಲೆ ಅಥಣಿ, ರಾಯಬಾಗ, ನಿಪ್ಪಾಣಿಯ ಥೇಟರಿನವರು ತಾವೇ ಕರೆ ಕಳಿಸಿದರು. ಹಂಗಾಮು ಮುಗಿದ ಮೇಲೆ ನಿರ್ದೇಶಕರು ಮುಂದಿನ ಕತೆ ಹೇಳಲು ನನ್ನ ಮನೆಗೇ ಬಂದರು, ಬುತ್ತಿ ಕಟ್ಟಿಕೊಂಡು.

ಈಗ ನನ್ನ ಹತ್ತಿರ ಟ್ರ್ಯಾಕ್ಟರು ಎರಡು, ಟ್ರೇಲರು ನಾಲ್ಕು, ಕಬ್ಬಿನ ಹೊಲ ಮೂರು ಎಕರೆ, ಎಮ್ಮೆ ಒಂದು, ಓಡಿಸಿಕೊಟ್ಟ ಸಿನಿಮಾ ಐದು.