ಹಿಮದ ಗಾಡಿಯೂ ನಾಗಮಣಿಯವರ ಮಂಡಿಯೂ

ಸಿಂಗಾಪುರದಲ್ಲಿ ಸ್ನೋಮೊಬೈಲ್ ರಿಪೇರಿ ಮಾಡುತ್ತೇನೆ ಎಂದರೆ ಯಾರಾದರೂ ನಕ್ಕೇ ನಗುತ್ತಾರೆ. ಭಾನುಮತಿಯ ಗಂಡ ಗಿರಿಧರನೂ ನಕ್ಕಿದ್ದ. ವರ್ಷವಿಡೀ ಬೆವರು ಸುರಿಸುವ ಊರಿನಲ್ಲಿ ಹಿಮದ ಮೇಲೆ ಓಡುವ ಗಾಡಿಯಂತೆ! ಆದರೆ ಜುರಾಂಗ್ ವೆಸ್ಟ್‌ನ ಅವರ ಫ್ಲ್ಯಾಟಿನಿಂದ ಸ್ವಲ್ಪ ದೂರದಲ್ಲಿ, ಕಾರ್ಖಾನೆಗಳ ನಡುವಿನ ಗೋದಾಮಿನಂಥ ಕಟ್ಟಡವೊಂದರಲ್ಲಿ ನಿಜವಾದ ಹಿಮವನ್ನೇ ಬೀಳಿಸುತ್ತಿದ್ದರು. ಟಿಕೆಟ್ ಕೊಂಡವರು ಬಾಡಿಗೆ ಜಾಕೆಟ್ಟು ತೊಟ್ಟು, ರಬ್ಬರ್ ಟ್ಯೂಬು ಹಿಡಿದು ಇಳಿಜಾರು ಹತ್ತಿ, ಕಿರುಚಿಕೊಳ್ಳುತ್ತ ಜಾರಿ ಬರುತ್ತಿದ್ದರು. ಆ ಹಿಮ ಕರಗದಂತೆ ನೋಡಿಕೊಳ್ಳುವ ಯಂತ್ರಗಳೆಲ್ಲ ಭಾನುಮತಿಯ ಉಸ್ತುವಾರಿಯಲ್ಲಿದ್ದವು.

ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು ಅವಳು. ಮದುವೆಯಾಗಿ ಬಂದ ಹೊಸತರಲ್ಲಿ ಎಲ್ಲರೂ ಸಾಫ್ಟ್‌ವೇರ್ ಕೋರ್ಸ್ ಮಾಡು ಎಂದು ತಲೆ ತಿಂದರು. ಮಾಡಿದಳು, ಒಂದಷ್ಟು ದಿನ ಕೆಲಸಕ್ಕೂ ಹೋದಳು. ಬಿಚ್ಚಿ ನೋಡಲು ಒಂದು ಸ್ಕ್ರೂ ಕೂಡ ಇಲ್ಲದ ಕೆಲಸ ಅವಳಿಗೆ ಹಿಡಿಸಲಿಲ್ಲ. ಮುಚ್ಚಳವಿರುವ ಯಾವುದನ್ನು ಕಂಡರೂ ಅದರೊಳಗೇನಿದೆ ಎಂದು ನೋಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮನೆಯ ಮಿಕ್ಸಿ, ಎದುರು ಮನೆಯವರ ರೈಸ್ ಕುಕ್ಕರ್, ಎಲ್ಲವೂ ಒಮ್ಮೆಯಾದರೂ ಅವಳ ಮುಂದೆ ಬಿಚ್ಚಿಕೊಂಡು ಬಿದ್ದಿದ್ದವು.

ಆ ಸ್ನೋಮೊಬೈಲು ಜಪಾನಿನ ಯಾವುದೋ ಹಿಮಬಯಲಿನಲ್ಲಿ ಓಡಿ ಮುದಿಯಾದ ಸೆಕೆಂಡ್‌ಹ್ಯಾಂಡ್ ಗಾಡಿ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು, ಹೊಗೆ ಹೊರಹಾಕುವ ಫ್ಯಾನುಗಳನ್ನು ಓಡಿಸಿಕೊಂಡು, ಇಳಿಜಾರಿನ ಹಿಮವನ್ನು ಹೆರೆದು ಸಮ ಮಾಡಲೆಂದು ತರಿಸಿದ್ದರು. ಅದೋ, ಸಮನೆಲದಲ್ಲಿ ಗುಂಡಿನಂತೆ ಹೋಗುತ್ತಿತ್ತು, ಇಳಿಜಾರಿಗೆ ಮೂತಿಯಿಟ್ಟರೆ ಅರ್ಧಕ್ಕೇ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಕೊನೆಗೆ ಕೆಲಸದವರು ಕೈಯಲ್ಲೇ ಹಿಮ ಹೆರೆಯತೊಡಗಿದರು. ಗಾಡಿ ಮೂಲೆ ಸೇರಿತು.

ಭಾನುಮತಿಯೂ ಅದನ್ನು ಹಾಗೇ ಬಿಟ್ಟಿದ್ದಳೋ ಏನೋ, ಅವಳ ಅತ್ತೆ ನಾಗಮಣಿ ಬಂದಿರದಿದ್ದರೆ.

ನಾಗಮಣಿ ಮೈಸೂರಿನಿಂದ ಮಗನ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಎರಡೂ ಮಂಡಿ ಸವೆದಿದ್ದವು. ಊರಿಗೆ ಮರಳಿದ ಕೂಡಲೇ ಆಪರೇಷನ್ ಎಂದು ನಿಗದಿಯಾಗಿತ್ತು, ಟಿಕೆಟ್ಟೂ ಆಗಿತ್ತು. ಹೊರಡುವ ಮುನ್ನ ಸೊಸೆ ಕೆಲಸ ಮಾಡುವ ಜಾಗ ನೋಡಬೇಕೆಂದು ಒಂದು ಭಾನುವಾರ ಬಂದರು. ಸೀರೆಯ ಮೇಲೆ ಜಾಕೆಟ್ಟು ತೊಟ್ಟು, ಹಿಮವನ್ನು ಮುಟ್ಟಿ, ಮೂಸಿ, ನಾಲಿಗೆಗೂ ಒಂದಿಷ್ಟು ಹಚ್ಚಿ ನೋಡಿದರು. ಆಮೇಲೆ ಇಳಿಜಾರಿನ ಬುಡದಲ್ಲಿ ಕಂಬಿ ಹಿಡಿದು ನಿಂತರು. ಮೇಲೇರಲು ಕಾಲ್ನಡಿಗೆ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಮಗ, ಮೊಮ್ಮಗಳು ದಿಶಾ, ಗುರುತು ಪರಿಚಯವಿಲ್ಲದ ಜನ, ಎಲ್ಲರೂ ಹತ್ತಿದರು. ಹೊರಡುವ ತನಕ ನಾಗಮಣಿ ಅಲ್ಲೇ ನಿಂತಿದ್ದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು. “ಅಲ್ಲಿ ಮೂಲೇಲಿ ಒಂದು ಗಾಡಿ ಇತ್ತಲ್ಲ ಭಾನು, ಅದು ಯಾಕೆ ನಿಂತಿದೆ?”

“ಅದು ಹತ್ತಲ್ಲ ಅತ್ತೆ. ಅರ್ಧಕ್ಕೇ ನಿಂತ್ಬಿಡತ್ತೆ.”

“ಅಯ್ಯೋ, ನನ್ನ ಹಾಗೇ,” ಎಂದು ನಾಗಮಣಿ ನಕ್ಕರು. ಆ ನಗು ಭಾನುಮತಿಗೆ ಚುಚ್ಚಿತು. ಯಾಕೆ ಹತ್ತುವುದಿಲ್ಲ ಎಂದು ತಾನೇ ಈವರೆಗೆ ಬಿಚ್ಚಿ ನೋಡಿಲ್ಲವಲ್ಲ ಎಂಬುದು ಇನ್ನೂ ಜೋರಾಗಿ ಚುಚ್ಚಿತು.

“ನೀವು ಊರಿಗೆ ಹೋಗೋದ್ರೊಳಗೆ ಅದರ ಮೇಲೆ ಕೂರಿಸ್ಕೊಂಡು ಮೇಲೆ ಕರ್ಕೊಂಡು ಹೋಗ್ತೀನಿ, ನೋಡ್ತಿರಿ,” ಎಂದುಬಿಟ್ಟಳು. ಹಿಂದಿನ ಸೀಟಿನಲ್ಲಿದ್ದ ದಿಶಾ, “ಅಮ್ಮಾ, ಡೋಂಟ್ ಪ್ರಾಮಿಸ್ ಲಾ,” ಎಂದಳು.

ಮ್ಯಾನೇಜರ್ ಕೋ ಒಳ್ಳೆಯ ಮನುಷ್ಯ, ಆದರೆ ಗಾಡಿಯ ಮೇಲೆ ಅವನಿಗೆ ಮೋಹ ಉಳಿದಿರಲಿಲ್ಲ. ಗುಜರಿಯವನಿಗೆ ಹೇಳಿಯಾಗಿದೆ, ತಿಂಗಳ ಕೊನೆಗೆ ಬರುತ್ತಾನೆ ಎಂದ. ಅಷ್ಟರೊಳಗೆ ಹೊರೆ ಹೊತ್ತು ಹತ್ತಿ ತೋರಿಸಿದರೆ ಗಾಡಿಯನ್ನೂ ಉಳಿಸಿಕೊಳ್ಳೋಣ, ಬಾಗಿಲು ತೆರೆಯುವ ಮುಂಚೆ ನಿಮ್ಮ ಅತ್ತೆಯನ್ನೂ ಕರೆತನ್ನಿ ಎಂದ. ನಾಗಮಣಿ ವಿಮಾನ ಹತ್ತುವುದೂ ಅದೇ ವಾರ.

ಮರುದಿನ ಭಾನುಮತಿ ಗಾಡಿಯನ್ನು ವರ್ಕ್‌ಶಾಪಿಗೆ ತಳ್ಳಿಸಿ, ಅದರ ಪಕ್ಕದ ಮುಚ್ಚಳ ತೆಗೆದಳು. ಕಾರಿನಲ್ಲಿರುವಂಥ ಗೇರುಗಳು ಅದರಲ್ಲಿರಲಿಲ್ಲ. ಎರಡು ರಾಟೆ, ನಡುವೆ ದಪ್ಪನೆಯ ರಬ್ಬರ್ ಬೆಲ್ಟು, ಅಷ್ಟೇ. ಎಂಜಿನ್ನಿನ ಕಡೆಯ ರಾಟೆಗೆ ಎದುರುಬದುರಾದ ತಟ್ಟೆಗಳಂಥ ಎರಡು ಕೆನ್ನೆಗಳು. ಎಂಜಿನ್ ಜೋರಾಗಿ ತಿರುಗಿದಷ್ಟೂ ಅದರೊಳಗಿನ ಮೂರು ಪುಟ್ಟ ತೂಕಗಳು ಹೊರಕ್ಕೆ ಚಿಮ್ಮಿ, ಸ್ಪ್ರಿಂಗನ್ನು ಒತ್ತಿ, ಕೆನ್ನೆಗಳನ್ನು ಹತ್ತಿರ ತರುತ್ತವೆ. ಆಗ ಬೆಲ್ಟು ಅಂಚಿನತ್ತ ಏರುತ್ತದೆ. ಏರಿದಷ್ಟೂ ವೇಗ ಹೆಚ್ಚು, ಎಳೆಯುವ ಶಕ್ತಿ ಕಡಿಮೆ. ಎಷ್ಟು ಸರಳವಾಗಿದೆಯಲ್ಲ ಎಂದು ಅವಳಿಗೆ ಖುಷಿಯಾಗಿ, ಒಬ್ಬಳೇ ನಕ್ಕಳು.

ರಾಟೆಯ ಕೆನ್ನೆಯ ಮೇಲೆ ಮಾರ್ಕರ್ ಪೆನ್ನಿನಿಂದ ಒಳಗಿನಿಂದ ಅಂಚಿನವರೆಗೆ ಗೆರೆ ಎಳೆದಳು. ಮಾರನೆಯ ಬೆಳಿಗ್ಗೆ ಹಿಂದಿನ ಸೀಟಿಗೆ ಮರಳಿನ ಚೀಲ ಕಟ್ಟಿ ಇಳಿಜಾರಿಗೆ ಬಿಟ್ಟಳು. ಗಾಡಿ ಎಂದಿನಂತೆ ಅರ್ಧಕ್ಕೆ ನಿಂತಿತು. ಬಿಚ್ಚಿ ನೋಡಿದರೆ ಬೆಲ್ಟು ತಿಕ್ಕಿ ಗೆರೆ ಪೂರ್ತಿ ಅಳಿಸಿಹೋಗಿತ್ತು. ಅಂದರೆ ಇಳಿಜಾರು ಸಿಗುವ ಮೊದಲೇ ಬೆಲ್ಟು ತುದಿ ಮುಟ್ಟಿ ಕೂತಿತ್ತು. ಬಯಲಿನಲ್ಲಿ ಓಡಲೆಂದು ಹೊಂದಿಸಿದ ಗಾಡಿ ಅದು, ಏರಿನಲ್ಲೂ ಟಾಪ್ ಗೇರಿನಲ್ಲೇ ಹೋಗಲು ಹೆಣಗಾಡುತ್ತಿತ್ತು.

ತೂಕಗಳನ್ನು ಹಗುರ ಮಾಡಬೇಕು. ಆಗ ಅವು ಬೇಗ ಚಿಮ್ಮುವುದಿಲ್ಲ, ಬೆಲ್ಟು ಆತುರಪಟ್ಟು ಏರುವುದಿಲ್ಲ. ಆದರೆ ಇದ್ದದ್ದು ಒಂದೇ ಸೆಟ್ಟು. ಉಜ್ಜಿ ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸುವ ಹಾಗಿಲ್ಲ. ಅವಳು ದಿನಾ ಅಷ್ಟಷ್ಟೇ ಉಜ್ಜಿ, ಮನೆಗೆ ತಂದು, ಅಡುಗೆಮನೆಯ ತಕ್ಕಡಿಯಲ್ಲಿ ಮೂರೂ ಸಮನಾಗಿವೆಯೇ ಎಂದು ತೂಗುತ್ತಿದ್ದಳು.

“ಮೈಸೂರ್‌ಪಾಕಿಗೂ ನೀನು ಇಷ್ಟು ಅಳತೆ ನೋಡಲ್ವಲ್ಲೇ,” ಎಂದರು ನಾಗಮಣಿ.

“ಒಂದು ಹೆಚ್ಚುಕಮ್ಮಿ ಆದ್ರೆ ರಾಟೆ ನಡುಗತ್ತೆ ಅತ್ತೆ.”

“ಜಾಸ್ತಿ ಹಗುರ ಆಗ್ಬಿಟ್ರೆ?”

“ಎಂಜಿನ್ ಸುಮ್ನೆ ಕಿರುಚತ್ತೆ. ಗಾಡಿ ಮುಂದಕ್ಕೆ ಹೋಗಲ್ಲ.”

ನಾಗಮಣಿ ಕನ್ನಡಕ ಸರಿಮಾಡಿಕೊಂಡು, ಒಂದು ತೂಕವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಗಿರಿಧರ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, “ಅಮ್ಮ, ನೀನೂ ಶುರು ಮಾಡ್ದ್ಯಾ?” ಎಂದ. ನಾಗಮಣಿ ಇನ್ನೊಂದು ತೂಕವನ್ನು ಎತ್ತಿಕೊಂಡರು.

ಕೊನೆಯ ವಾರ ಬಂತು. ಗಾಡಿಯ ಜೊತೆ ಬಂದಿದ್ದ ಪೆಟ್ಟಿಗೆಯಲ್ಲಿ, ಎರಡನೆಯ ರಾಟೆಯಿಂದಾಚೆಗಿನ ಚೈನಿಗೆ ಹಾಕುವ, ಕಡಿಮೆ ಹಲ್ಲಿನ ಒಂದು ಚಕ್ರ ಸಿಕ್ಕಿತ್ತು. ಅದನ್ನು ಹಾಕಿದರೆ ವೇಗ ಇಳಿದು ಎಳೆತ ಇನ್ನಷ್ಟು ಹೆಚ್ಚುತ್ತದೆ. ಬೆಳಿಗ್ಗೆ ಗಾಡಿಯನ್ನು ಹಿಮದಿಂದ ಹೊರಗಿನ ವರ್ಕ್‌ಶಾಪಿಗೆ ತಳ್ಳಿ, ಚಕ್ರವನ್ನೂ ಉಜ್ಜಿದ ತೂಕಗಳನ್ನೂ ಸರಸರನೆ ಜೋಡಿಸಿ, ಮುಚ್ಚಳ ಮುಚ್ಚಿ ಒಳಗೆ ತಂದಳು. ಬಾಗಿಲು ತೆರೆಯುವ ಹೊತ್ತು ಹತ್ತಿರವಾಗಿತ್ತು. ಮರಳಿನ ಚೀಲ ಕಟ್ಟಿ ಕೀಲಿ ತಿರುಗಿಸಿದಳು.

ಎಂಜಿನ್ ಕಿರುಚಿತು. ಗಾಡಿ ಇದ್ದಲ್ಲೇ ಇತ್ತು.

ಜಾಸ್ತಿ ಉಜ್ಜಿಬಿಟ್ಟೆ ಎಂದುಕೊಂಡಳು ಭಾನುಮತಿ. ಇನ್ನೊಂದು ಸೆಟ್ಟು ತರಿಸುವಷ್ಟು ದಿನ ಉಳಿದಿಲ್ಲ. ಅತ್ತೆಗೆ ಏನು ಹೇಳಲಿ? ದೂರದಲ್ಲಿ ನಿಂತಿದ್ದ ಕೋ ತಲೆಯಾಡಿಸಿದ. ಅವಳಿಗೆ ಅಳುವೇ ಬಂತು, ಅಲ್ಲಿ ಅಳಬಾರದೆಂದು ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು.

ಹೊರಗಿನ ಸೆಕೆ ಮುಖಕ್ಕೆ ಬಡಿಯಿತು. ಕನ್ನಡಕ ಕ್ಷಣದಲ್ಲೇ ಬೆಳ್ಳಗೆ ಮಂಜುಗಟ್ಟಿತು. ಹಿಮದಿಂದ ಹೊರಬರುವ ಕನ್ನಡಕದವರೆಲ್ಲರಿಗೂ ದಿನಾ ಆಗುವುದೇ, ಅವಳೂ ದಿನಾ ದುಪಟ್ಟಾದಲ್ಲಿ ಒರೆಸಿಕೊಳ್ಳುವುದೇ. ಅಂದು ಒರೆಸುತ್ತಿದ್ದ ಕೈ ಅರ್ಧದಲ್ಲಿ ನಿಂತಿತು. ಕನ್ನಡಕ ಬೆವರಿದರೆ, ಅದೇ ಚಳಿಯಿಂದ ಬಂದ ಕಬ್ಬಿಣದ ರಾಟೆ ಬೆವರದೇ ಇರುತ್ತದೆಯೇ?

ಓಡಿಹೋಗಿ ಮುಚ್ಚಳ ತೆಗೆದಳು. ರಾಟೆಯ ಕೆನ್ನೆಗಳ ಮೇಲೆ ತೆಳ್ಳನೆ ಗಾಜಿನಂಥ ಮಂಜುಗಡ್ಡೆ! ಹೊರಗೆ ಕೂತ ನೀರು ಒಳಗೆ ಬಂದು ಹೆಪ್ಪುಗಟ್ಟಿತ್ತು, ಬೆಲ್ಟು ಅದರ ಮೇಲೆ ಜಾರುತ್ತಿತ್ತು. ಹಿಮದ ದೇಶದವರಿಗೆ ಈ ತಪ್ಪು ಮಾಡಲು ಇಂಥ ಸೆಕೆ ಎಲ್ಲಿ ಸಿಗಬೇಕು! ಗೆರೆ ಎಳೆದ ಮೊದಲ ಸಲ ಗಾಡಿ ರಾತ್ರಿಯಿಡೀ ವರ್ಕ್‌ಶಾಪಿನಲ್ಲಿದ್ದು ತಾನೇ ಒಣಗಿತ್ತು. ಈ ಸಲ ಆತುರ ಕೆಡಿಸಿತ್ತು. ತೂಕಗಳದೇನೂ ತಪ್ಪಿರಲಿಲ್ಲ. ಭಾನುಮತಿ ತನ್ನ ಹಣೆಗೆ ತಾನೇ ಹೊಡೆದುಕೊಂಡು ಗಟ್ಟಿಯಾಗಿ ನಕ್ಕಳು. ಕೋ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.

ಮರುದಿನ ಗಾಡಿಯನ್ನು ಹೊರಗೆ ಒಯ್ಯಲೇ ಇಲ್ಲ. ಹಿಮದಲ್ಲೇ ಕೂತು ರಾಟೆಯನ್ನೂ ಬೆಲ್ಟನ್ನೂ ಬಿಸಿಗಾಳಿಯಲ್ಲಿ ಒಣಗಿಸಿ, ಮರಗಟ್ಟಿದ ಬೆರಳುಗಳಲ್ಲೇ ಜೋಡಿಸಿ, ಹೊಸ ಗೆರೆ ಎಳೆದಳು. ಗಾಡಿ ಮರಳಿನ ಚೀಲ ಹೊತ್ತು, ಒಂದೇ ದನಿಯಲ್ಲಿ ಗುಡುಗುತ್ತ ನೆತ್ತಿಯವರೆಗೂ ಏರಿತು. ಬಿಚ್ಚಿ ನೋಡಿದರೆ ಗೆರೆಯ ಮೇಲಿನರ್ಧ ಹಾಗೇ ಉಳಿದಿತ್ತು. ಬೆಲ್ಟು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು.

ಊರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾಗಮಣಿ ಬಂದರು. ಗಿರಿಧರ ತಾಯಿಯ ಕಾಲನ್ನು ಮೆಲ್ಲಗೆ ಎತ್ತಿ ಗಾಡಿಯ ಆಚೆ ಬದಿಗೆ ಇಟ್ಟ. ಅವರು ಸೊಸೆಯ ಸೊಂಟವನ್ನು ಭದ್ರವಾಗಿ ಹಿಡಿದರು. ಅರ್ಧ ದಾರಿ, ಗಾಡಿ ಯಾವಾಗಲೂ ನಿಲ್ಲುತ್ತಿದ್ದ ಜಾಗ, ಬಂತು. ಗಾಡಿ ನಿಲ್ಲಲಿಲ್ಲ.

ಮೇಲೆ ಟ್ಯೂಬು ಸಿದ್ಧವಾಗಿತ್ತು. ಕೆಳಗೆ ದಿಶಾ ಫೋನ್ ಹಿಡಿದು ವಿಡಿಯೋ ತೆಗೆಯಲು ಕಾದಿದ್ದಳು.

“ಬನ್ನಿ ಅತ್ತೆ, ಟ್ಯೂಬಲ್ಲಿ ಕೂತ್ಕೊಳಿ. ನಾನೇ ಮೆಲ್ಲಗೆ ತಳ್ತೀನಿ.”

ನಾಗಮಣಿ ಗಾಡಿಯಿಂದ ಇಳಿಯಲಿಲ್ಲ. ಸುತ್ತ ನೋಡಿದರು, ಕೆಳಗೆ ಚಿಕ್ಕದಾಗಿ ಕಾಣುತ್ತಿದ್ದ ಮಗನನ್ನು ನೋಡಿದರು.

“ಜಾರೋದು ಬೇಡ ಕಣೆ,” ಎಂದರು. “ಮಂಡಿ ಹೋದಾಗಿಂದ ಎಲ್ರೂ ನನ್ನನ್ನ ಇಳಿಸ್ತಾನೇ ಬಂದ್ರು. ಮಹಡಿ ರೂಮಿಂದ ಕೆಳಗೆ ತಂದ್ರು. ಬೆಟ್ಟ ಬೇಡ ಅಂದ್ರು, ದೇವಸ್ಥಾನದ ಮೆಟ್ಲು ಬೇಡ ಅಂದ್ರು. ಹತ್ತಿಸಿದೋಳು ನೀನೊಬ್ಬಳೇ.”

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅತ್ತೆಯ ಮೇಲೆ ಅಷ್ಟು ಪ್ರೀತಿ ಭಾನುಮತಿಗೆ ಎಂದೂ ಉಕ್ಕಿರಲಿಲ್ಲ.

“ನಿಮ್ಮ ಮ್ಯಾನೇಜರು ಗುಜರಿಯವನಿಗೆ ಬರಬೇಡ ಅಂದ್ರಾ?” ಎಂದು ನಾಗಮಣಿ ಕೇಳಿದರು.

“ಹೂಂ ಅತ್ತೆ. ನಿನ್ನೇನೇ ಅಂದ್ರು.”

“ಹಾಗಿದ್ರೆ ಕೆಳಗೆ ಹೋಗು. ಇನ್ನೊಂದು ಸಲ ಹತ್ತಿಸು.”